ಮುಖ ಮಸುಕಾಗಿತ್ತು, ಆದರೂ ಗುರುತು ಸಿಕ್ಕಿತು

ಕಾರಿನ ಮುಂದೆ ಮೊಬೈಲ್ ಕೂರಿಸಿ ಬೀದಿಗಳ ಫೋಟೋ ತೆಗೆದು ಆನ್‌ಲೈನ್ ನಕ್ಷೆಗೆ ಏರಿಸುವ ಹವ್ಯಾಸ ನಿಮಗಿದ್ದರೆ, ದಯವಿಟ್ಟು ಇದನ್ನು ಓದಿ ಮುಗಿಸಿ, ಆಮೇಲೆ ಮುಂದಿನ ಫೋಟೋ ಏರಿಸಿ. ಆ ಹವ್ಯಾಸ ಇಲ್ಲದವರೂ ಓದಿ. ಯಾರೋ ಏರಿಸಿದ ಫೋಟೋದಲ್ಲಿ ನಿಮ್ಮ ಮನೆಯ ಗೇಟು, ನಿಮ್ಮ ಗಾಡಿ, ನೀವು ಕೆಲಸಕ್ಕೆ ಹೊರಡುವ ಹೊತ್ತು ಈಗಾಗಲೇ ಇರಬಹುದು. ನಾನು ಹೇಳಹೊರಟಿರುವ ಘಟನೆಯಲ್ಲಿ ಆ ‘ಯಾರೋ’ ನಾನೇ.

ಇದರಲ್ಲಿ ಬರುವ ಹೆಣ್ಣುಮಗಳ ಒಪ್ಪಿಗೆ ಕೇಳಿಯೇ ಬರೆಯುತ್ತಿದ್ದೇನೆ. ಅವರ ಗುರುತು ಸಿಗುವಂಥ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ದಯವಿಟ್ಟು ಹುಡುಕಲು ಹೋಗಬೇಡಿ.

ಈ ಕೆಲಸ ಶುರುಮಾಡಿದ್ದು ಪ್ರೀತಿಯಿಂದ. ಬೀದಿ ಫೋಟೋ ಎಂದರೆ ಬಹಳ ಜನಕ್ಕೆ ಮೇಲೆ ಕ್ಯಾಮೆರಾ ಕಟ್ಟಿಕೊಂಡು ಬರುವ ದೊಡ್ಡ ಕಂಪನಿಯ ಕಾರು ನೆನಪಾಗುತ್ತದೆ. ಅದರ ಜೊತೆಗೆ ಸಾಮಾನ್ಯ ಜನರೇ ಫೋಟೋ ಸೇರಿಸುವ ನಕ್ಷೆಗಳೂ ಇವೆ. ಮೊಬೈಲಿನಲ್ಲಿ ಆ್ಯಪ್ ತೆರೆದಿಟ್ಟು ಗಾಡಿ ಓಡಿಸುತ್ತಿದ್ದರೆ ಸಾಕು, ಕೆಲವು ಮೀಟರಿಗೊಂದು ಚಿತ್ರ ತಾನಾಗಿ ಕ್ಲಿಕ್ಕಾಗುತ್ತ ಹೋಗುತ್ತದೆ. ಪ್ರತಿ ಚಿತ್ರದ ಜೊತೆಗೆ ಜಾಗ, ಕ್ಯಾಮೆರಾ ಮುಖ ಮಾಡಿದ ದಿಕ್ಕು, ತಾರೀಖು, ಗಂಟೆ ನಿಮಿಷ ಎಲ್ಲ ಸೇರಿಕೊಳ್ಳುತ್ತವೆ. ಓಪನ್‌ಸ್ಟ್ರೀಟ್‌ಮ್ಯಾಪ್‌ನಂಥ ಸಾರ್ವಜನಿಕ ನಕ್ಷೆಯನ್ನು ತಿದ್ದುವವರು ಇಂಥ ಚಿತ್ರಗಳನ್ನು ನೋಡಿಯೇ ಯಾವ ರಸ್ತೆ ಒನ್‌ವೇ, ಎಲ್ಲಿ ಫುಟ್‌ಪಾತ್ ಇಲ್ಲ, ಎಲ್ಲಿ ಗಾಲಿಕುರ್ಚಿ ಹೋಗಲಾರದು ಎಂಬುದನ್ನೆಲ್ಲ ಗುರುತಿಸುತ್ತಾರೆ. ನಾನು ತೆಗೆದ ಚಿತ್ರ ನೋಡಿ ಯಾರೋ ನಕ್ಷೆಯಲ್ಲಿ ಒಂದು ಮೆಟ್ಟಿಲು ಗುರುತಿಸಿದರೆ ನನಗೆ ಆ ದಿನವೆಲ್ಲ ಖುಷಿ. ಆ ಕೆಲಸದ ಬೆಲೆಯನ್ನು ಇವತ್ತಿಗೂ ಅಲ್ಲಗಳೆಯುವುದಿಲ್ಲ.

ಬೆಳಿಗ್ಗೆ ಮನೆಯ ಗೇಟು ದಾಟುವಾಗಲೇ ಆ್ಯಪ್ ಶುರು. ಕಚೇರಿ ತಲುಪಿದಾಗ ಬಂದ್. ಸಂಜೆ ಬರುವಾಗ ಮತ್ತೆ. ಮನೆಯ ವೈಫೈ ಸಿಕ್ಕ ಕೂಡಲೇ ಎಲ್ಲ ತಾನಾಗಿ ಏರಿಹೋಗುತ್ತಿತ್ತು. ಒಂದನ್ನೂ ನಾನು ತೆರೆದು ನೋಡುತ್ತಿರಲಿಲ್ಲ. ಆ ಸೇವೆಯವರು ಮುಖಗಳನ್ನೂ ನಂಬರ್ ಪ್ಲೇಟುಗಳನ್ನೂ ತಾವೇ ಮಸುಕು ಮಾಡುತ್ತಾರೆ, ಇನ್ನೇನು ಭಯ ಎಂಬುದು ನನ್ನ ಲೆಕ್ಕವಾಗಿತ್ತು.

ನಮ್ಮ ಬೀದಿಯಲ್ಲಿ ಒಬ್ಬರು ಬಾಡಿಗೆಗೆ ಬಂದಿದ್ದರು. ಅವರೂ ಒಂದು ಪುಟ್ಟ ಮಗುವೂ. ಹೆಚ್ಚು ಮಾತಿನವರಲ್ಲ. ಹೊಡೆಯುವ ಗಂಡನಿಂದ ತಪ್ಪಿಸಿಕೊಂಡು ಬಂದವರು, ಹೊಸ ವಿಳಾಸವನ್ನು ತಾಯಿಯ ಹೊರತು ಯಾರಿಗೂ ಕೊಟ್ಟಿಲ್ಲ ಎಂಬುದೆಲ್ಲ ನನಗೆ ಗೊತ್ತಾದದ್ದು ಆಮೇಲೆ. ಒಂದು ಭಾನುವಾರ ಅವರು ನಮ್ಮ ಬಾಗಿಲು ತಟ್ಟಿದರು. ಕೈ ನಡುಗುತ್ತಿತ್ತು. ಮೊಬೈಲ್ ಮುಂದೆ ಚಾಚಿದರು.

“ನಿಮಗೆ ಕಂಪ್ಯೂಟರ್ ವಿಷಯ ಗೊತ್ತು ಅಂತ ಬಂದೆ. ಈ ಫೋಟೋನ ಯಾರು ಹಾಕಿರ್ತಾರೆ ಅಂತ ಹೇಗಾದ್ರೂ ಗೊತ್ತಾಗುತ್ತಾ?”

ನೋಡಿದೆ. ನಮ್ಮದೇ ಬೀದಿ. ಅವರ ಗೇಟಿನ ಮುಂದೆ ಅವರ ಸ್ಕೂಟರು, ಪಕ್ಕದಲ್ಲಿ ಮಗುವಿನ ಸೈಕಲ್ಲು. ಗೇಟಿಗೆ ಬೀಗ ಹಾಕುತ್ತ ಬಾಗಿ ನಿಂತಿದ್ದ ಅವರು. ಮುಖದ ಜಾಗದಲ್ಲಿ ಮಂಜು ಮೆತ್ತಿದ ಹಾಗೆ ಒಂದು ಕಲೆ. ಸ್ಕೂಟರಿನ ನಂಬರೂ ಮಸುಕು. ಚಿತ್ರದ ಕೆಳಗೆ ತಾರೀಖು, ಗಂಟೆ ನಿಮಿಷ. ಅದರ ಪಕ್ಕದಲ್ಲಿ ಅದನ್ನು ಏರಿಸಿದವರ ಬಳಕೆದಾರ ಹೆಸರು. ನನ್ನದು.

“ಇದು ನಾನು ಹಾಕಿದ್ದು” ಅಂದೆ. ಅವರು ನಂಬಲಿಲ್ಲ. ಎರಡನೇ ಸಲ ಹೇಳಿದಾಗ ಬೈಯಲೂ ಇಲ್ಲ. “ಯಾಕೆ?” ಎಂದಷ್ಟೇ ಕೇಳಿದರು. ಆ ಪ್ರಶ್ನೆಗೆ ನಾನು ಫುಟ್‌ಪಾತು, ಮೆಟ್ಟಿಲು, ಸಾರ್ವಜನಿಕ ನಕ್ಷೆ ಎಂದೇನೋ ಹೇಳಿದೆ. ಹೇಳುತ್ತಿರುವಾಗಲೇ ಬಾಯಿ ಒಣಗಿತು.

ನಡೆದದ್ದು ಇಷ್ಟು. ಸಂಬಂಧಿಕರೊಬ್ಬರು ಮಾತಿನ ಭರದಲ್ಲಿ ಬಡಾವಣೆಯ ಹೆಸರು ಬಾಯಿಬಿಟ್ಟಿದ್ದರು. ಬೀದಿ, ಮನೆ ನಂಬರು ಆ ಗಂಡನಿಗೆ ಗೊತ್ತಿರಲಿಲ್ಲ. ಅವನು ರಾತ್ರಿಗಟ್ಟಲೆ ಕೂತು ನಕ್ಷೆಗಳಲ್ಲಿ ಒಂದೊಂದೇ ಬೀದಿಯಲ್ಲಿ ‘ನಡೆದಿದ್ದ’. ಹಿಂದಿನ ಸಂಜೆ ಅವರ ಗೇಟಿನ ಮುಂದೆ ನಿಂತು ಇದನ್ನೆಲ್ಲ ಅವನೇ ಹೇಳಿದನಂತೆ, ಸಾಧನೆ ಮಾಡಿದವನ ಹಾಗೆ. “ಮುಖ ಅಳಿಸಿದ್ರೆ ಗೊತ್ತಾಗಲ್ವಾ? ಸ್ಕೂಟರ್ ಹಿಂದಿನ ಆ ತಗ್ಗು ನಾನೇ ಮಾಡಿದ್ದಲ್ವಾ?” ಅಂದನಂತೆ. ಅಕ್ಕಪಕ್ಕದವರು ಹೊರಗೆ ಬಂದದ್ದರಿಂದ ಅವತ್ತು ಕೈ ಎತ್ತಲಿಲ್ಲ. ಪೊಲೀಸರಿಗೆ ದೂರು ಹೋಯಿತು. ಅದರ ಮುಂದಿನದು ಅವರ ವಿಷಯ, ಇಲ್ಲಿ ಬರೆಯುವುದಿಲ್ಲ.

ನನ್ನನ್ನು ಹೆಚ್ಚು ಹಿಂಡಿದ್ದು ಅವತ್ತು ರಾತ್ರಿ ನನ್ನದೇ ಚಿತ್ರಗಳನ್ನು ತೆರೆದು ಕೂತಾಗ ಕಂಡದ್ದು. ಏಳು ತಿಂಗಳಲ್ಲಿ ಅವರ ಗೇಟು ನನ್ನ ಚಿತ್ರಗಳಲ್ಲಿ 63 ದಿನ ಬಂದಿತ್ತು. ಬೆಳಿಗ್ಗೆಯ ಚಿತ್ರಗಳಲ್ಲಿ ಒಂದು ನಿರ್ದಿಷ್ಟ ಹೊತ್ತಿನ ತನಕ ಸ್ಕೂಟರ್ ಇದೆ, ಆಮೇಲಿನದರಲ್ಲಿ ಇಲ್ಲ. ಸಂಜೆ ಯಾವ ಹೊತ್ತಿಗೆ ಮರಳುತ್ತದೆ, ಯಾವ ವಾರ ಮಗುವಿನ ಸೈಕಲ್ ಹೊರಗಿರುತ್ತದೆ, ಯಾವ ದಿನ ಮನೆಯಲ್ಲಿ ಯಾರೂ ಇರುವುದಿಲ್ಲ ಎಲ್ಲವನ್ನೂ ಲೆಕ್ಕ ಹಾಕಬಹುದಿತ್ತು. ಯಾರನ್ನಾದರೂ ಕೂಲಿಗೆ ಇಟ್ಟು ಕಾವಲು ಕಾಯಿಸಿದ್ದರೂ ಅವನಿಗೆ ಇಷ್ಟು ಅಚ್ಚುಕಟ್ಟಾದ ಪಟ್ಟಿ ಸಿಗುತ್ತಿರಲಿಲ್ಲ. ನಾನು ಪುಕ್ಕಟೆಯಾಗಿ, ದಿನಾ, ನಿಮಿಷದ ಲೆಕ್ಕ ಸಮೇತ ಕೊಟ್ಟಿದ್ದೆ.

ಮಸುಕು ಮಾಡುವ ತಂತ್ರ ಅಪರಿಚಿತರ ಕಣ್ಣಿಗೆ ಮಾತ್ರ ಪರದೆ. ನಮ್ಮನ್ನು ಬಲ್ಲವರಿಗೆ ಮುಖ ಬೇಕಾಗಿಲ್ಲ. ನಿಲ್ಲುವ ಭಂಗಿ, ಹಳೆಯ ಶಾಲು, ಗಾಡಿಯ ಮೇಲಿನ ಗೀರು, ಮಗುವಿನ ಬ್ಯಾಗು ಸಾಕು. ಹಿಂಬಾಲಿಸುವವರು, ಹಗೆ ಸಾಧಿಸುವವರು ಸಾಮಾನ್ಯವಾಗಿ ನಮ್ಮನ್ನು ಬಲ್ಲವರೇ. ಅಂದರೆ ಯಾರಿಂದ ಕಾಪಾಡಬೇಕೋ ಅವರ ಮುಂದೆಯೇ ಈ ತಂತ್ರ ಸೋಲುತ್ತದೆ.

ಇದು ನನಗೆ ಹೊಳೆದ ಹೊಸ ಮಾತೇನೂ ಅಲ್ಲ ಎಂಬುದು ಆಮೇಲೆ ಓದುತ್ತ ಹೋದಾಗ ತಿಳಿಯಿತು. ಗೂಗಲ್ ನಕ್ಷೆಯಲ್ಲಿ ಬೀದಿಗಳ ಫೋಟೋ ತೋರಿಸುವ ಸ್ಟ್ರೀಟ್ ವ್ಯೂ ಅಮೆರಿಕದ ಐದು ನಗರಗಳಲ್ಲಿ 2007ರ ಮೇ ತಿಂಗಳಲ್ಲಿ ಶುರುವಾದಾಗ ಮುಖಗಳಿಗೆ ಮಸುಕೇ ಇರಲಿಲ್ಲ. ಗಲಾಟೆಯಾದ ಮೇಲೆ 2008ರಲ್ಲಿ ಅದು ಬಂತು. ಅಷ್ಟರಿಂದ ಸಾಲದು ಎಂಬುದನ್ನು ಸ್ವಿಟ್ಜರ್ಲೆಂಡಿನ ಸರ್ವೋಚ್ಚ ನ್ಯಾಯಾಲಯ 2012ರ ತೀರ್ಪಿನಲ್ಲೇ ಹೇಳಿದೆ. ಮಹಿಳೆಯರ ಆಶ್ರಯತಾಣ, ವೃದ್ಧಾಶ್ರಮ, ಜೈಲು, ಶಾಲೆ, ಆಸ್ಪತ್ರೆಗಳಂಥ ಜಾಗಗಳ ಮುಂದೆ ಮುಖದ ಜೊತೆಗೆ ಬಟ್ಟೆ, ಮೈಬಣ್ಣ, ಅಂಗವಿಕಲರು ಬಳಸುವ ಸಾಧನಗಳಿಂದಲೂ ವ್ಯಕ್ತಿಯ ಗುರುತು ಸಿಗಬಾರದು ಎಂದಿತು. ಬೇಲಿಯೊಳಗಿನ ಅಂಗಳ, ತೋಟಗಳನ್ನು ಎರಡು ಮೀಟರಿಗಿಂತ ಎತ್ತರದ ಕ್ಯಾಮೆರಾದಿಂದ ಇಣುಕಿ ತೋರಿಸಬಾರದು ಎಂದೂ ಹೇಳಿತು. ದಾರಿಹೋಕನ ಕಣ್ಣಿಗೆ ಕಾಣದ್ದನ್ನು ಕ್ಯಾಮೆರಾ ಏಕೆ ಕಾಣಬೇಕು ಎಂಬ ನೇರ ತರ್ಕ. ಆಶ್ರಯತಾಣದ ಹೆಸರು ಆ ಪಟ್ಟಿಯಲ್ಲಿ ಇದ್ದದ್ದನ್ನು ಓದಿದಾಗ ನಾನು ಓದು ನಿಲ್ಲಿಸಿ ಸುಮ್ಮನೆ ಕೂತೆ. ಆಶ್ರಯತಾಣ ಎಂಬ ಬೋರ್ಡು ಇಲ್ಲದ ಬಾಡಿಗೆ ಮನೆಯೂ ಒಬ್ಬರಿಗೆ ಆಶ್ರಯತಾಣವೇ.

ಕೆನಡಾದಲ್ಲಿ ಇನ್ನೊಂದು ಪ್ರಕರಣ. ತನ್ನ ಮನೆಯ ಮೆಟ್ಟಿಲ ಮೇಲೆ ಕೂತಿದ್ದ ಮಹಿಳೆಯೊಬ್ಬರ ಚಿತ್ರ ಸ್ಟ್ರೀಟ್ ವ್ಯೂನಲ್ಲಿ ಬಂದಿತ್ತು. ಮುಖ ಮಸುಕಾಗಿತ್ತು. ಆದರೆ ಮನೆ ಕಾಣುತ್ತಿತ್ತು, ಕಾರೂ ಕಾಣುತ್ತಿತ್ತು. ಜೊತೆಗೆ ಕೆಲಸ ಮಾಡುವವರಿಗೆ ಗುರುತು ಸಿಕ್ಕಿ, ಆಕೆ ಅವಹೇಳನ ಅನುಭವಿಸಬೇಕಾಯಿತು. 2014ರಲ್ಲಿ ಕ್ವಿಬೆಕ್‌ನ ನ್ಯಾಯಾಲಯ ಆಕೆಗೆ 2,250 ಕೆನಡಿಯನ್ ಡಾಲರ್ ಪರಿಹಾರ ಕೊಡಿಸಿತು. ಸಾರ್ವಜನಿಕರಿಗೆ ಕಾಣುವ ಜಾಗದಲ್ಲಿ ಕೂತ ಮಾತ್ರಕ್ಕೆ ಖಾಸಗಿತನದ ಹಕ್ಕು ಹೋಗುವುದಿಲ್ಲ ಎಂಬುದು ಆ ತೀರ್ಪಿನ ತಿರುಳು. “ರಸ್ತೆಯಿಂದ ಕಾಣುವುದನ್ನೇ ತಾನೆ ತೆಗೆದದ್ದು” ಎಂದು ಈಗಲೂ ವಾದಿಸುವ ನನ್ನ ಗೆಳೆಯರಿಗೆ ಇದನ್ನೇ ತೋರಿಸುತ್ತೇನೆ. ರಸ್ತೆಯಲ್ಲಿ ಹೋಗುವವರು ಒಂದು ಕ್ಷಣ ನೋಡಿ ಮರೆಯುತ್ತಾರೆ. ನಕ್ಷೆ ಮರೆಯುವುದಿಲ್ಲ. ಸಾವಿರ ಮೈಲಿ ದೂರದಲ್ಲಿ ಕೂತವನೂ ನಡುರಾತ್ರಿಯಲ್ಲಿ ಅದೇ ಗೇಟಿನ ಮುಂದೆ ಎಷ್ಟು ಹೊತ್ತಾದರೂ ನಿಲ್ಲಬಹುದು.

ಈಗ ನಿಮ್ಮ ಮನೆಯ ವಿಷಯ. ನಿಮ್ಮನ್ನು ಹುಡುಕುವವರ ಕಣ್ಣಿನಿಂದ ಒಮ್ಮೆ ನೋಡಿ. ಒಂದೇ ನಕ್ಷೆಯಲ್ಲಿ ನೋಡಿ ಸುಮ್ಮನಾಗಬೇಡಿ. ಗೂಗಲ್‌ನದು ಬೇರೆ, ಆ್ಯಪಲ್‌ನ ಲುಕ್ ಅರೌಂಡ್ ಬೇರೆ, ಮ್ಯಾಪಿಲರಿ ಥರದ ಜನರೇ ತುಂಬುವ ನಕ್ಷೆಗಳು ಬೇರೆ. ಒಂದು ಕಡೆ ಕೊಟ್ಟ ಕೋರಿಕೆ ಇನ್ನೊಂದು ಕಡೆಗೆ ತಲುಪುವುದಿಲ್ಲ. ಹಿಂದಿನ ಬೀದಿಯಿಂದಲೂ ನೋಡಿ, ಎದುರಿನ ತಿರುವಿನಿಂದಲೂ ನೋಡಿ. ಸ್ಟ್ರೀಟ್ ವ್ಯೂನಲ್ಲಿ 2014ರಿಂದ ಹಳೆಯ ವರ್ಷಗಳ ಚಿತ್ರಗಳನ್ನೂ ತೆರೆಯಬಹುದು. ಈಗಿನ ಚಿತ್ರದಲ್ಲಿ ಇಲ್ಲದ ಗಾಡಿ ಅಲ್ಲಿರಬಹುದು. ಹತ್ತಿರದ ಅಂಗಡಿಯವರೋ ಮನೆ ಮಾರುವವರೋ ಹಾಕಿದ 360 ಡಿಗ್ರಿ ಚಿತ್ರದ ಮೂಲೆಯಲ್ಲಿ ನಿಮ್ಮ ಬಾಲ್ಕನಿ ಇರಬಹುದು. ಕಂಪನಿಯ ಕಾರು ತೆಗೆದ ಚಿತ್ರದಲ್ಲಿ ತಿಂಗಳು, ವರ್ಷ ಮಾತ್ರ ತೋರಿಸುತ್ತಾರೆ. ಜನ ಏರಿಸುವ ನಕ್ಷೆಗಳಲ್ಲಿ ಗಂಟೆ ನಿಮಿಷವೂ ಇರಬಹುದು. ನಾನು ಹೆಚ್ಚು ಹೆದರುವುದು ಇದಕ್ಕೇ.

ಗೂಗಲ್‌ನಲ್ಲಿ ಮನೆ, ಮುಖ, ಗಾಡಿ ಯಾವುದನ್ನಾದರೂ ಮಸುಕು ಮಾಡಿಸಲು ಆ ಚಿತ್ರದಲ್ಲೇ ಸಮಸ್ಯೆ ವರದಿ ಮಾಡುವ ಕೊಂಡಿ ಇರುತ್ತದೆ. ಚೌಕಟ್ಟನ್ನು ಬೇಕಾದ ಜಾಗಕ್ಕೆ ಸರಿಯಾಗಿ ತಂದು ಕಳಿಸಬೇಕು. ಒಮ್ಮೆ ಮಸುಕಾದರೆ ಮತ್ತೆ ತೆಗೆಯುವುದಿಲ್ಲ, ಹಾಗಾಗಿ ಬಾಡಿಗೆ ಮನೆಯಾದರೆ ಮಾಲೀಕರಿಗೆ ಒಂದು ಮಾತು ಹೇಳಿ. ಇನ್ನೂ ಒಂದು ಯೋಚನೆ ಇದೆ. ಇಡೀ ಸಾಲಿನಲ್ಲಿ ಒಂದೇ ಮನೆ ಮಸುಕಾಗಿದ್ದರೆ ಅದೇ ಒಂದು ಗುರುತಾಗಿಬಿಡುತ್ತದೆ. ಜರ್ಮನಿಯಲ್ಲಿ 2010ರಲ್ಲಿ ಸುಮಾರು 2,44,000 ಮನೆಯವರು ತಮ್ಮ ಮನೆ ಮಸುಕು ಮಾಡಲು ಕೇಳಿಕೊಂಡಿದ್ದರು. ಎಸ್ಸೆನ್ ನಗರದಲ್ಲಿ ಹಾಗೆ ಕೇಳಿಕೊಂಡವರ ಮನೆಗಳನ್ನೇ ಹುಡುಕಿ ಕೆಲವರು ಮೊಟ್ಟೆ ಎಸೆದರು. ನಿಜವಾದ ಅಪಾಯದಲ್ಲಿ ಇರುವವರು ಮನೆಯನ್ನು ಮಸುಕು ಮಾಡಿಸುವ ಮೊದಲು ಗಾಡಿ, ಸೈಕಲ್, ಹೆಸರಿನ ಫಲಕದಂಥ ಗುರುತುಗಳನ್ನು ಮಸುಕು ಮಾಡಿಸುವುದು ಮೇಲು ಎಂಬುದು ನನ್ನ ಅನಿಸಿಕೆ. ಯಾರಿಂದಲಾದರೂ ತಪ್ಪಿಸಿಕೊಂಡು ಹೊಸ ಜಾಗಕ್ಕೆ ಬಂದಿದ್ದರೆ, ಹಳೆಯ ಗುರುತಿನ ಗಾಡಿಯನ್ನು ಬೀದಿಗೆ ಕಾಣದ ಹಾಗೆ ನಿಲ್ಲಿಸಿ. ನಮ್ಮ ಬೀದಿಯ ಆ ಹೆಣ್ಣುಮಗಳಿಗೆ ಇದನ್ನು ಹೇಳುವವರು ಯಾರೂ ಇರಲಿಲ್ಲ.

ಫೋಟೋ ಏರಿಸುವ ಗೆಳೆಯರೇ, ನಿಮ್ಮಲ್ಲಿ ಕೈಮುಗಿದು ಕೇಳುತ್ತೇನೆ. ಮನೆಯ ಗೇಟಿನಿಂದ ರೆಕಾರ್ಡಿಂಗ್ ಶುರುಮಾಡಬೇಡಿ. ಮುಖ್ಯರಸ್ತೆ ಸೇರಿದ ಮೇಲೆ ಶುರುಮಾಡಿ, ಪ್ರತಿ ಸಲ ಬೇರೆ ಕಡೆಯಿಂದ. ಮನೆಯ ಸುತ್ತ ಒಂದು ವೃತ್ತ ಎಳೆದು ಅದರೊಳಗಿನದನ್ನು ಮಾತ್ರ ಮರೆಮಾಡಿದರೂ ಸಾಲದು. ನಾಲ್ಕು ದಿಕ್ಕಿನ ದಾರಿಗಳೂ ಅದೇ ಅಂಚಿಗೆ ಬಂದು ನಿಂತರೆ ನಡುವಿನ ಚುಕ್ಕಿ ಯಾವುದೆಂದು ಯಾರೂ ಊಹಿಸಬಹುದು. ಒಂದೇ ಬೀದಿಯನ್ನು ದಿನವೂ ತೆಗೆಯುವುದರಿಂದ ನಕ್ಷೆಗೆ ಸಿಗುವ ಲಾಭ ಏನೂ ಇಲ್ಲ. ಒಮ್ಮೆ ತೆಗೆದರೆ ಬಹುಕಾಲ ಸಾಕು. ತಾನಾಗಿ ಏರಿಹೋಗುವ ಸೆಟ್ಟಿಂಗ್ ಇವತ್ತೇ ಬಂದ್ ಮಾಡಿ. ಕೆಲವು ವಾರ ತಡೆದು, ಕಣ್ಣಾಡಿಸಿ ಏರಿಸಿ. ಮನೆಯ ಬಾಗಿಲಲ್ಲಿ ಯಾರಾದರೂ ನಿಂತಿದ್ದರೆ ಆ ಚಿತ್ರ ಅಳಿಸಿ, ಮುಖ ಮಸುಕಾಗಿದ್ದರೂ ಅಳಿಸಿ. ಬೇರೆಡೆ ಬಳಸುವ ಬಳಕೆದಾರ ಹೆಸರನ್ನು ಇಲ್ಲಿ ಬಳಸಬೇಡಿ. ನನ್ನ ಚಿತ್ರಗಳ ಮೊದಲ ಮತ್ತು ಕೊನೆಯ ಚೌಕಟ್ಟುಗಳಲ್ಲಿ ದಿನವೂ ಇದ್ದದ್ದು ನನ್ನ ಮನೆಯ ಗೇಟೇ.

ಅವರು ಮೂರನೇ ವಾರಕ್ಕೆ ಮನೆ ಖಾಲಿ ಮಾಡಿದರು. ಸಾಮಾನು ಹೊರಡುವ ಹೊತ್ತಿನಲ್ಲಿ ಮಗುವಿನ ಸೈಕಲ್ಲಿಗೆ ಬೇರೆ ಬಣ್ಣ ಬಳಿದುಕೊಡಲೇ ಎಂದು ಕೇಳಿದೆ. ಬೇಡ, ಅದನ್ನು ಬಿಟ್ಟೇ ಹೋಗುತ್ತೇವೆ ಅಂದರು. ಎಲ್ಲಿಗೆ ಹೋದರು ಎಂದು ನನಗೆ ಗೊತ್ತಿಲ್ಲ, ಗೊತ್ತಾಗಬಾರದು. ಈ ಬರಹದ ಒಪ್ಪಿಗೆಯೂ ಅವರ ತಾಯಿಯ ಮೂಲಕ ಬಂದದ್ದು.

ನನ್ನ ಬೀದಿಯ ಚಿತ್ರಗಳೆಲ್ಲವನ್ನೂ ಅಳಿಸಲು ಕೋರಿದೆ. ಆ ಸೇವೆಯವರು ಅಳಿಸಿದರು, ಹನ್ನೊಂದು ದಿನ ಹಿಡಿಯಿತು. ಆದರೆ ಆ ಚಿತ್ರಗಳನ್ನು ಯಾರು ಬೇಕಾದರೂ ಇಳಿಸಿಕೊಂಡು ಮರುಬಳಕೆ ಮಾಡಬಹುದಾದ ಮುಕ್ತ ಪರವಾನಗಿಯಲ್ಲಿ ಕೊಟ್ಟವನು ನಾನೇ. ಹಾಗೆ ಇಳಿಸಿಕೊಂಡ ಇನ್ನೊಂದು ಸಂಗ್ರಹದಲ್ಲಿ ಅವರ ಗೇಟಿನ ಒಂದು ಚಿತ್ರ ಇನ್ನೂ ಇದೆ. ನಾಲ್ಕು ಸಲ ಬರೆದಿದ್ದೇನೆ. ಉತ್ತರ ಬಂದಿಲ್ಲ. ಈ ವಾರ ಐದನೇ ಸಲ ಬರೆಯುತ್ತೇನೆ.