ಪ್ರತಿ ಭಾನುವಾರ ಮಂಗಳೂರಿಗೆ: ಮನೆಯ ಎ320 ಜೊತೆ ನಾಲ್ಕು ವರ್ಷ

ಮೊದಲೇ ಹೇಳಿಬಿಡುತ್ತೇನೆ, ನಾನು ಪೈಲಟ್ ಅಲ್ಲ. ಲೆಕ್ಕಪತ್ರ ನೋಡುವ ಕೆಲಸ. ಆದರೆ ನಾಲ್ಕು ವರ್ಷದಿಂದ ಹೆಚ್ಚುಕಡಿಮೆ ಪ್ರತಿ ಭಾನುವಾರ ಬೆಳಗ್ಗೆ ಬೆಂಗಳೂರಿನಿಂದ ಮಂಗಳೂರಿಗೆ ಏರ್‌ಬಸ್ ಕಂಪನಿಯ ಎ320 ವಿಮಾನ ಹಾರಿಸುತ್ತೇನೆ, ಮನೆಯ ಹಾಲ್‌ನ ಮೂಲೆಯಲ್ಲಿ ಕಂಪ್ಯೂಟರ್ ಮುಂದೆ ಕೂತು. ಸಿಮ್ಯುಲೇಟರ್, ಅಂದರೆ ವಿಮಾನ ಹಾರಿಸುವ ಆಟದ ಸಾಫ್ಟ್‌ವೇರ್, ಮೈಕ್ರೋಸಾಫ್ಟ್‌ನದು, 2020ರಲ್ಲಿ ಬಂದದ್ದು. 2024ರ ಹೊಸದಕ್ಕೆ ನಾನಿನ್ನೂ ಹೋಗಿಲ್ಲ. ವಿಮಾನ ಮಾತ್ರ ಅದರ ಜೊತೆ ಬಂದದ್ದಲ್ಲ. ಫ್ಲೈಬೈವೈರ್ ಅನ್ನುವ ತಂಡ ಮಾಡಿ ಪುಕ್ಕಟೆ ಹಂಚುವ ಎ32ಎನ್ಎಕ್ಸ್ ಅದು. ಈ ವಿಮರ್ಶೆ ಮುಖ್ಯವಾಗಿ ಅದರದ್ದೇ.

ಪುಕ್ಕಟೆ ಅಂದ ಮಾತ್ರಕ್ಕೆ ಮಕ್ಕಳಾಟ ಅಂದುಕೊಳ್ಳಬೇಡಿ. ಬ್ಯಾಟರಿ ಸ್ವಿಚ್‌ನಿಂದ ಶುರು ಮಾಡಬೇಕು. ಎಪಿಯು, ಅಂದರೆ ಬಾಲದಲ್ಲಿರುವ ಪುಟ್ಟ ಸಹಾಯಕ ಎಂಜಿನ್, ಚಾಲೂ ಮಾಡಬೇಕು. ವಿಮಾನ ತಾನು ಎಲ್ಲಿದ್ದೇನೆ ಅಂತ ಗುರುತು ಹಿಡಿಯುವ ತನಕ ಕಾಯಬೇಕು. ಸಿಮ್‌ಬ್ರೀಫ್ ಅನ್ನುವ ವೆಬ್‌ಸೈಟಿನಲ್ಲಿ ದಾರಿ, ಇಂಧನದ ಲೆಕ್ಕ ಹಾಕಿಸಿ ಒಳಗೆ ತುಂಬಬೇಕು. ಮೊದಲ ತಿಂಗಳು ಗೇಟ್ ಬಿಡೋಕೇ ಒಂದು ಗಂಟೆ ಹಿಡಿಯುತ್ತಿತ್ತು. "ಇನ್ನೂ ಹೊರಟಿಲ್ವೇನೋ? ದೋಸೆ ಆರಿಹೋಯ್ತು" ಅಂತ ಅಮ್ಮ ಅಡುಗೆಮನೆಯಿಂದ ಕೂಗುತ್ತಿದ್ದರು. ಈಗ ಇಪ್ಪತ್ತು ನಿಮಿಷ ಸಾಕು.

ನನ್ನನ್ನು ಜಾಸ್ತಿ ಕಾಡಿದ್ದು ಕಿಟಕಿಯ ಕೆಳಗಿರುವ ಗುಂಡಿಗಳು. ವೇಗ, ದಿಕ್ಕು, ಎತ್ತರದ ಗುಂಡಿಗಳನ್ನು ತಿರುಗಿಸುವುದಷ್ಟೇ ಅಲ್ಲ, ಒಳಕ್ಕೆ ಒತ್ತಲೂಬಹುದು, ಹೊರಕ್ಕೆ ಎಳೆಯಲೂಬಹುದು. ಒತ್ತಿದರೆ 'ನೀನೇ ನೋಡಿಕೋ' ಅಂತ ವಿಮಾನಕ್ಕೆ ಬಿಟ್ಟ ಹಾಗೆ. ಎಳೆದರೆ 'ಇಲ್ಲಿ ಕೊಡು, ನಾನು ಹೇಳ್ತೀನಿ' ಅಂದ ಹಾಗೆ. ಇಷ್ಟು ತಲೆಗೆ ಹೋಗದೆ ಎರಡು ವಾರ ವಿಮಾನದ ಜೊತೆ ಜಗಳವಾಡಿದೆ.

ಈ ದಾರಿ ಚಿಕ್ಕದು, ಸುಮಾರು 165 ನಾಟಿಕಲ್ ಮೈಲಿ. ನಾನು 24,000 ಅಡಿಗೆ ಏರುತ್ತೇನೆ. ಇಳಿಯುವ ಲೆಕ್ಕ ಬಾಯಿಲೆಕ್ಕವೇ: ಸಾವಿರ ಅಡಿಗೆ ಮೂರು ಮೈಲಿ, ಅಂದರೆ 72. ವೇಗ ಇಳಿಸೋಕೆ ಇನ್ನೊಂದು ಹತ್ತು ಸೇರಿಸಿ. ದಾರಿಯ ಅರ್ಧ ಇಳಿಯುವುದಕ್ಕೇ ಹೋಯಿತು, ಕಾಫಿ ಕುಡಿಯೋಕೆ ಸಿಗುವುದು ಕೆಲವೇ ನಿಮಿಷ. ಬಲಗಡೆ ಕುದುರೆಮುಖ, ಆರು ಸಾವಿರ ಅಡಿಗೂ ಎತ್ತರ. ಅದನ್ನು ದಾಟಿದರೆ ನೆಲ ದಡಬಡ ಕೆಳಗಿಳಿದು ಕರಾವಳಿ ಬಂತು. ಜುಲೈನಲ್ಲಿ ಲೈವ್ ಹವಾಮಾನ ಹಾಕಿಕೊಂಡರೆ ಇದ್ಯಾವುದೂ ಕಾಣುವುದಿಲ್ಲ, ಎಲ್ಲಾ ಹಾಲು ಬಿಳುಪು.

ಮಂಗಳೂರಿನದು ಗುಡ್ಡದ ತಲೆ ಕಡಿದು ಮಾಡಿದ ರನ್‌ವೇ. ಬೆಂಗಳೂರಿನದು 4,000 ಮೀಟರ್, ಇದು 2,450. ಕಣಿವೆಯ ಮೇಲೆ ಬರುವಾಗ ರೇಡಿಯೋ ಆಲ್ಟಿಮೀಟರ್, ಅಂದರೆ ನೇರ ಕೆಳಗಿನ ನೆಲದಿಂದ ಎತ್ತರ ಅಳೆಯುವ ಉಪಕರಣ, ಕಣಿವೆಯ ತಳದಿಂದ ಎಣಿಸುತ್ತದೆ. 'ಇನ್ನೂ ಬೇಕಾದಷ್ಟು ಎತ್ತರ ಇದೆ' ಅಂತ ಕೂತಿದ್ದರೆ, ಗುಡ್ಡದ ಅಂಚು ಬಂದ ಕೂಡಲೇ ಸಂಖ್ಯೆ ಧೊಪ್ಪನೆ ಬೀಳುತ್ತದೆ. ಐವತ್ತು, ನಲವತ್ತು, ಮೂವತ್ತು ಅಂತ ಕೂಗು ಒಂದರ ಮೇಲೊಂದು ಬರುತ್ತದೆ. ಆಗಲೇ ಈ ವಿಮಾನದ ಇನ್ನೊಂದು ಗುಣ ಗೊತ್ತಾಗುವುದು. 1988ರಲ್ಲಿ ಸೇವೆಗೆ ಬಂದಾಗಿನಿಂದಲೂ ಎ320ರಲ್ಲಿ ಸ್ಟಿಕ್, ಅಂದರೆ ವಿಮಾನ ಆಡಿಸುವ ಹಿಡಿ, ಮಾತಾಡುವುದು ಕಂಪ್ಯೂಟರ್ ಜೊತೆ. ಮೂವತ್ತು ಅಡಿಯಿಂದ ಆ ಕಂಪ್ಯೂಟರ್ ತಾನಾಗಿ ಮೂಗನ್ನು ನಿಧಾನಕ್ಕೆ ಕೆಳಗೆ ಮಾಡುತ್ತದೆ, ನಾವು ಸ್ಟಿಕ್ ಎಳೆಯಲಿ ಅಂತ. ಎಳೆಯದಿದ್ದರೆ ಧಡ್. ಜಾಸ್ತಿ ಎಳೆದರೆ ತೇಲಿ ಅರ್ಧ ರನ್‌ವೇ ಖಾಲಿ. ಫ್ಲೈಬೈವೈರ್‌ನವರು ಇದನ್ನೂ ಬಿಡದೆ ತಂದಿದ್ದಾರೆ, ಅದಕ್ಕೇ ನನಗೆ ಅವರ ಮೇಲೆ ಗೌರವ.

ಇದೇ ರನ್‌ವೇಯಲ್ಲಿ 2010ರ ಮೇ 22ರಂದು 158 ಜನ ಸತ್ತರು. ಅಪಘಾತಕ್ಕೀಡಾದದ್ದು ಬೋಯಿಂಗ್ 737 ವಿಮಾನ. ಸರಿಹೋಗದ ಅಪ್ರೋಚನ್ನು (ರನ್‌ವೇಯತ್ತ ಇಳಿದು ಬರುವ ಹಂತ) ಕೈಬಿಡದೆ ಇಳಿಸಿದ್ದೇ ಕಾರಣ ಅಂತ ತನಿಖೆ ಹೇಳಿತು. ಅದು ಗೊತ್ತಾದ ಮೇಲೆ ನಾನೊಂದು ಹಟ ಹಿಡಿದೆ. ಸಾವಿರ ಅಡಿಯಲ್ಲಿ ವೇಗ, ಫ್ಲ್ಯಾಪ್ (ನಿಧಾನಕ್ಕೆ ಹಾರಲು ರೆಕ್ಕೆಯಿಂದ ಚಾಚುವ ಪಟ್ಟಿ), ಗಾಲಿ ಯಾವುದಾದರೂ ಸರಿ ಇಲ್ಲ ಅಂದರೆ ಥ್ರಾಟಲ್ (ಎಂಜಿನ್ ಶಕ್ತಿಯ ಲಿವರ್) ಪೂರ್ತಿ ಮುಂದಕ್ಕೆ, ಮೂಗು ಮೇಲಕ್ಕೆ, ಫ್ಲ್ಯಾಪ್ ಒಂದು ಹೆಜ್ಜೆ ಕಡಿಮೆ, ಏರುತ್ತಿದೆ ಅಂತ ಖಾತ್ರಿಯಾದ ಮೇಲೆ ಗಾಲಿ ಒಳಕ್ಕೆ. ಆಟ ತಾನೇ, ಇಳಿಸಿಬಿಡೋಣ ಅನ್ನಿಸುತ್ತದೆ ನಿಜ. ಅನ್ನಿಸಿದಾಗಲೆಲ್ಲಾ ಮತ್ತೊಂದು ಸುತ್ತು ಹೊಡೆಯುತ್ತೇನೆ, ದೋಸೆ ಆರಿದರೂ ಪರವಾಗಿಲ್ಲ.

ಇನ್ನು ಬೈಯ್ಯುವ ಭಾಗ. ಏರ್‌ಬಸ್ ಥರದ ಥ್ರಾಟಲ್ ಕೊಂಡಿದ್ದೆ, ಕಂಪನಿ ಹೆಸರು ಬೇಡ. ಎರಡೇ ವರ್ಷಕ್ಕೆ ಲಿವರ್ ಎಲ್ಲಿದೆ ಅಂತ ಅಳೆಯುವ ಒಳಗಿನ ಪೊಟೆನ್ಶಿಯೋಮೀಟರ್ ನಡುಗೋಕೆ ಶುರು. ಕೈ ಮುಟ್ಟದೇ ಇದ್ದರೂ ಲಿವರ್ ಕ್ಲೈಂಬ್ ಜಾಗ ಬಿಟ್ಟು ಜಾರಿದೆ ಅಂತ ವಿಮಾನಕ್ಕೆ ಅನ್ನಿಸಿ, ಪರದೆ ಮೇಲೆ 'ಎಲ್‌ವಿಆರ್ ಸಿಎಲ್‌ಬಿ' (ಲಿವರನ್ನು ಕ್ಲೈಂಬ್‌ಗೆ ತಾ) ಅಂತ ಮಿಣುಕುತ್ತಿತ್ತು. ನಾನು ಸಾಫ್ಟ್‌ವೇರ್ ದೋಷ ಅಂತ ಮೂರು ಸಲ ಎಲ್ಲಾ ಅಳಿಸಿ ಮತ್ತೆ ಹಾಕಿದೆ. ಸಿಮ್ಯುಲೇಟರ್ ಡೌನ್‌ಲೋಡ್ ನೂರು ಜಿಬಿಗೂ ಜಾಸ್ತಿ, ನನ್ನ ಪಾಡು ಯೋಚಿಸಿ. ಕೊನೆಗೆ ಸರಿಮಾಡಿದ್ದು ಎಸ್‌ಪಿ ರೋಡಿನಲ್ಲಿ ತಂದ ಒಂದು ಡಬ್ಬಿ ಕಾಂಟ್ಯಾಕ್ಟ್ ಕ್ಲೀನರ್.

ಇನ್ನೊಂದು ಕೊರತೆಗೆ ಮದ್ದಿಲ್ಲ. ಮೈಗೆ ಏನೂ ಗೊತ್ತಾಗುವುದಿಲ್ಲ. ವಿಮಾನ ಕುಸಿಯುವಾಗ ಹೊಟ್ಟೆಯೊಳಗೆ ಏಳುವ ಆ ಭಾವ, ಬ್ರೇಕ್ ಹಿಡಿದಾಗಿನ ಜಗ್ಗು, ಯಾವುದೂ ಇಲ್ಲ. ಎಲ್ಲವನ್ನೂ ಕಣ್ಣೇ ನೋಡಿಕೊಳ್ಳಬೇಕು. ವ್ಯಾಟ್‌ಸಿಮ್ ಅನ್ನುವ ಆನ್‌ಲೈನ್ ಜಾಲದಲ್ಲಿ ನಿಜವಾದ ಮನುಷ್ಯರು ವಿಮಾನಗಳಿಗೆ ಸೂಚನೆ ಕೊಡುವ ಕಂಟ್ರೋಲರ್ ಆಗಿ ಕೂರುತ್ತಾರೆ, ಅದೂ ಪುಕ್ಕಟೆ. ಎರಡು ಸಲ ಹೋಗಿ ಮೈಕ್ ಮುಂದೆ ಬೆವರಿ ವಾಪಸ್ ಬಂದೆ.

ಕೊಳ್ಳುವವರಿಗೆ ನನ್ನ ಕ್ರಮ: ಮೊದಲು ಯುಪಿಎಸ್. 600 ಅಡಿಯಲ್ಲಿ ಕರೆಂಟ್ ಹೋದ ದಿನ ಇದು ಅರ್ಥವಾಯಿತು. ಆಮೇಲೆ ಒಳ್ಳೆಯ ಸ್ಟಿಕ್. ದುಬಾರಿ ಗ್ರಾಫಿಕ್ಸ್ ಕಾರ್ಡ್ ಕೊನೆಗೆ, ಮೋಡ ಸ್ವಲ್ಪ ಮಸುಕಾದರೆ ಏನೂ ಹೋಗಲ್ಲ. ಕಾಲಲ್ಲಿ ಒತ್ತುವ ರಡ್ಡರ್ (ಬಾಲದ ಚುಕ್ಕಾಣಿ) ಪೆಡಲ್ ನಾನಿನ್ನೂ ಕೊಂಡಿಲ್ಲ. ಸ್ಟಿಕ್ ತಿರುಚಿದರೆ ರಡ್ಡರ್ ಆಡುತ್ತದೆ, ಅಡ್ಡಗಾಳಿ ಇದ್ದ ಭಾನುವಾರ ಸಂಜೆಯವರೆಗೂ ಮಣಿಕಟ್ಟು ನೋಯುತ್ತಿರುತ್ತದೆ.