ವಿಂಡೋಸ್ 10ಕ್ಕೆ ಸಿಕ್ಕ ಇನ್ನೊಂದು ವರ್ಷ: ಡಿಟಿಪಿ ಅಂಗಡಿಯೊಂದರ ವಿಮರ್ಶೆ

2025ರ ಅಕ್ಟೋಬರ್ 1ರ ಮಹಾನವಮಿಯಂದು ಅಂಗಡಿಯ ಯಂತ್ರಗಳಿಗೆಲ್ಲ ವಿಭೂತಿ ಹಚ್ಚಿ ಖಂಡೇಪೂಜೆ ಮುಗಿಸಿದ ಮೇಲೆ, ಮರುದಿನ ಕೊಡಲೇಬೇಕಾಗಿದ್ದ ಆಮಂತ್ರಣ ಪತ್ರಿಕೆಯೊಂದರ ಕರಡು ತೆಗೆಯಲು ಮಧ್ಯದ ಗಣಕಯಂತ್ರವನ್ನು ಚಾಲೂ ಮಾಡಿದೆ. ಪೂಜೆಗಿಟ್ಟದ್ದನ್ನು ಅಂದು ಮುಟ್ಟಬಾರದೆಂಬ ನಿಯಮವನ್ನು ಮುರಿದದ್ದಕ್ಕೋ ಏನೋ, ಪರದೆಯ ತುಂಬ ಸೂಚನೆಯೊಂದು ಬಂದು ನಿಂತಿತು. ಅಕ್ಟೋಬರ್ 14ರ ನಂತರ ವಿಂಡೋಸ್ 10ಕ್ಕೆ ಬೆಂಬಲ ಇರುವುದಿಲ್ಲ ಎಂಬುದು ಅದರ ತಾತ್ಪರ್ಯ. ಅದೇ ಸೂಚನೆಯನ್ನು ನಾನು ಅದಕ್ಕೆ ಮೊದಲು ಹಲವು ಸಲ ಮುಚ್ಚಿ ಮುಂದೆ ಸಾಗಿದ್ದೆ. ಅಂದು ಮಾತ್ರ ಕುಳಿತು ಪೂರ್ತಿ ಓದಿದೆ. ಆಮೇಲೆ ಆರಿಸಿಕೊಂಡದ್ದು ಹೊಸ ಯಂತ್ರವನ್ನಲ್ಲ, ಮೈಕ್ರೋಸಾಫ್ಟ್ ಹಳೆಯ ಬಳಕೆದಾರರಿಗಾಗಿ ತೆರೆದಿರುವ ಒಂದು ವರ್ಷದ ವಿಸ್ತೃತ ಭದ್ರತಾ ಅಪ್‌ಡೇಟ್ ಯೋಜನೆಯನ್ನು. ಅದನ್ನು ಮೂರು ತಿಂಗಳು ಬಳಸಿದ ಅನುಭವದ ಮೇಲೆ ಈ ವಿಮರ್ಶೆಯನ್ನು ಬರೆಯುತ್ತಿದ್ದೇನೆ.

ಮೊದಲು ನನ್ನ ಅಂಗಡಿಯ ಸ್ಥಿತಿಯನ್ನು ಹೇಳಬೇಕು, ಏಕೆಂದರೆ ಈ ಯೋಜನೆ ಯಾರಿಗೆ ಸರಿ, ಯಾರಿಗೆ ಅಲ್ಲ ಎಂಬುದು ಅದರಿಂದಲೇ ತಿಳಿಯುತ್ತದೆ. ಮುದ್ರಣ ಕಾಶಿ ಎಂದು ಹೆಸರಾದ ಗದಗಿನಲ್ಲಿ ನನ್ನದು ಸಣ್ಣ ಡಿಟಿಪಿ ಅಂಗಡಿ. ಲಗ್ನಪತ್ರಿಕೆ, ಬಿಲ್ ಪುಸ್ತಕ, ಸಹಕಾರಿ ಸಂಘಗಳ ವಾರ್ಷಿಕ ವರದಿ, ಜಾತ್ರೆಯ ಹ್ಯಾಂಡ್‌ಬಿಲ್ ಇವೇ ಇಲ್ಲಿನ ಕೆಲಸ. ಮೂಲೆಯಲ್ಲಿರುವ ಮೊದಲ ಯಂತ್ರ 32 ಬಿಟ್‌ನ ವಿಂಡೋಸ್ 7ರಲ್ಲಿ ನಡೆಯುತ್ತದೆ ಮತ್ತು ಅದಕ್ಕೆ ಅಂತರ್ಜಾಲದ ತಂತಿಯನ್ನೇ ಜೋಡಿಸಿಲ್ಲ. ಮಧ್ಯದ್ದು ಆರನೆಯ ತಲೆಮಾರಿನ ಕೋರ್ ಐ5, 8 ಜಿಬಿ ರ್‍ಯಾಮ್ ಮತ್ತು ಆಮೇಲೆ ಹಾಕಿಸಿದ ಎಸ್‌ಎಸ್‌ಡಿ ಇರುವ ವಿಂಡೋಸ್ 10 ಯಂತ್ರ. ಇಮೇಲ್, ವಾಟ್ಸ್ಆ್ಯಪ್, ಬಿಲ್ಲು, ಅರ್ಜಿ ತುಂಬುವುದು ಎಲ್ಲವೂ ಅದರಲ್ಲೇ. ಮೂರನೆಯದು ಮಗಳು ಕಾಲೇಜಿಗೆಂದು ಕೊಂಡ ವಿಂಡೋಸ್ 11ರ ಲ್ಯಾಪ್‌ಟಾಪ್, ರಜೆಯಲ್ಲಿ ಮಾತ್ರ ಅಂಗಡಿಗೆ ಬರುತ್ತದೆ.

ಮಧ್ಯದ ಯಂತ್ರ ಇಂದಿಗೂ ಅರ್ಧ ನಿಮಿಷದೊಳಗೆ ಎದ್ದು ನಿಲ್ಲುತ್ತದೆ, ಹೇಳಿದ ಕೆಲಸವನ್ನೆಲ್ಲ ಮಾಡುತ್ತದೆ. ಆದರೂ ಅದು ವಿಂಡೋಸ್ 11ಕ್ಕೆ ಅರ್ಹವಲ್ಲ. 2021ರ ಅಕ್ಟೋಬರ್ 5ರಂದು ಬಿಡುಗಡೆಯಾದ ವಿಂಡೋಸ್ 11 ಟಿಪಿಎಂ 2.0 ಎಂಬ ಭದ್ರತಾ ಚಿಪ್ಪನ್ನೂ ಸೆಕ್ಯೂರ್ ಬೂಟ್ ಸೌಲಭ್ಯವನ್ನೂ ಕೇಳುವುದಲ್ಲದೆ, ಬಹುಮಟ್ಟಿಗೆ ಇಂಟೆಲ್‌ನ ಎಂಟನೆಯ ತಲೆಮಾರು ಮತ್ತು ಅದರ ನಂತರದ ಪ್ರೊಸೆಸರ್‌ಗಳನ್ನಷ್ಟೇ ತನ್ನ ಪಟ್ಟಿಯಲ್ಲಿ ಸೇರಿಸಿಕೊಂಡಿದೆ. ಟಿಪಿಎಂ ನನ್ನ ಮದರ್‌ಬೋರ್ಡಿನಲ್ಲೇ ಅಡಗಿತ್ತು. ಯಂತ್ರದ ಮೂಲ ಸೆಟ್ಟಿಂಗ್‌ಗಳಿರುವ ಬಯೋಸ್‌ಗೆ ಹೋಗಿ ಅದನ್ನು ಎಚ್ಚರಿಸಿದೆ. ಅರ್ಹತೆ ಪರೀಕ್ಷಿಸುವ ತಂತ್ರಾಂಶ ಮೊದಲು ತೋರಿಸುತ್ತಿದ್ದ ಎರಡು ಕೆಂಪು ಗುರುತುಗಳಲ್ಲಿ ಒಂದು ಹೋಯಿತು. ಪ್ರೊಸೆಸರಿನದು ಹಾಗೆಯೇ ಉಳಿಯಿತು, ಅದಕ್ಕೆ ಯಾವ ಸ್ವಿಚ್ಚೂ ಇಲ್ಲ. ರೂಫಸ್‌ನಂಥ ಸಾಧನದಿಂದ ಈ ತಪಾಸಣೆಯನ್ನು ತಪ್ಪಿಸಿ ವಿಂಡೋಸ್ 11 ಹಾಕಬಹುದೆಂಬುದು ನಿಜ. ಆದರೆ ಹಾಗೆ ಹಾಕಿದ ಯಂತ್ರಗಳಿಗೆ ಅಪ್‌ಡೇಟ್ ಬರುವ ಖಾತರಿ ಇಲ್ಲವೆಂದು ಮೈಕ್ರೋಸಾಫ್ಟೇ ಹೇಳಿದೆ. ಅಪ್‌ಡೇಟಿಗಾಗಿಯೇ ಬದಲಾಗಲು ಹೊರಟವನು ಅದೇ ಇಲ್ಲದ ಕಡೆಗೆ ಹೋಗುವುದರಲ್ಲಿ ಅರ್ಥ ಕಾಣಲಿಲ್ಲ.

ಊರಿನ ಗಣಕಯಂತ್ರದ ಅಂಗಡಿಯವರೊಬ್ಬರು ಈ ಸಂಗತಿಯನ್ನು ಬಹಳ ಸರಳಗೊಳಿಸಿ, "ಅಕ್ಟೋಬರ್ ಹದಿನಾಲ್ಕಕ್ಕ ಇದು ಬಂದ್ ಆಗತೈತ್ರಿ ಸರ, ಹೊಸಾದು ತಗೊಳ್ರಿ" ಎಂದರು. ಅದು ಸುಳ್ಳು. ಬೆಂಬಲ ಮುಗಿದ ಮಾತ್ರಕ್ಕೆ ಯಂತ್ರ ನಿಲ್ಲುವುದಿಲ್ಲ, ಕಡತಗಳು ಎಲ್ಲಿಗೂ ಹೋಗುವುದಿಲ್ಲ, ಅಕ್ಟೋಬರ್ 15ರ ಬೆಳಿಗ್ಗೆಯೂ ಅದು ಎಂದಿನಂತೆಯೇ ಎದ್ದಿತು. ನಿಲ್ಲುವುದು ಪ್ರತಿ ತಿಂಗಳ ಎರಡನೆಯ ಮಂಗಳವಾರ ಅಮೆರಿಕದಿಂದ ಹೊರಟು ನಮ್ಮ ಬುಧವಾರ ಬೆಳಿಗ್ಗೆಗೆ ತಲುಪುತ್ತಿದ್ದ ಭದ್ರತಾ ತೇಪೆ. ಗೋಡೆಯಲ್ಲಿ ಹೊಸ ಬಿರುಕು ಕಂಡಾಗ ಮುಚ್ಚಲು ಬರುವ ಗೌಂಡಿ ಇನ್ನು ಬರುವುದಿಲ್ಲ ಎಂದರ್ಥವೇ ಹೊರತು ಮನೆ ಬಿದ್ದಿತೆಂದಲ್ಲ.

ಹಾಗಾದರೆ ಹೊಸ ಯಂತ್ರವನ್ನೇ ಕೊಳ್ಳಲು ಹಿಂಜರಿಕೆ ಏಕೆ ಎಂದು ಮಗಳು ಕೇಳುತ್ತಾಳೆ. ಹಣದ ಮಾತು ಇದ್ದೇ ಇದೆ. ಆದರೆ ನಿಜವಾದ ಕಾರಣ ಅಕ್ಷರಗಳಲ್ಲಿದೆ. ಕನ್ನಡದ ಡಿಟಿಪಿ ಕಟ್ಟಿಕೊಂಡದ್ದು, ಪ್ರತಿ ಲಿಪಿಯ ಅಕ್ಷರಕ್ಕೂ ತನ್ನದೇ ಸಂಕೇತ ಕೊಡುವ ಯೂನಿಕೋಡ್ ಎಂಬ ವ್ಯವಸ್ಥೆ ನಮ್ಮ ಕೈಗೆ ಬರುವುದಕ್ಕೆ ಮುಂಚೆ. 1998ರಲ್ಲಿ ಬಂದ ಬರಹ, ಆನಂತರ ಕನ್ನಡ ಗಣಕ ಪರಿಷತ್ತು ರೂಪಿಸಿದ ನುಡಿ, ಶ್ರೀಲಿಪಿ ಇವೆಲ್ಲ ಆ ಕಾಲದಲ್ಲಿ ಕನ್ನಡದ ಅಕ್ಷರಭಾಗಗಳನ್ನು ರೋಮನ್ ಅಕ್ಷರಗಳ ಸ್ಥಾನಗಳಲ್ಲಿ ಕೂರಿಸಿ ಕೆಲಸ ತೆಗೆದವು. ಆ ಫಾಂಟ್ ಇಲ್ಲದ ಯಂತ್ರದಲ್ಲಿ ಅದೇ ಕಡತವನ್ನು ತೆರೆದರೆ ಕಾಣುವುದು ಕನ್ನಡವಲ್ಲ, ತಲೆಯ ಮೇಲೆ ಗೆರೆ ಚುಕ್ಕಿ ಹೊತ್ತ ರೋಮನ್ ಅಕ್ಷರಗಳ ಸಂತೆ. 2001ರಲ್ಲಿ ಬಂದ ಪೇಜ್‌ಮೇಕರ್ 7 ಆ ಪುಟವಿನ್ಯಾಸದ ತಂತ್ರಾಂಶದ ಕೊನೆಯ ಆವೃತ್ತಿ. ಅದಕ್ಕೆ ಯೂನಿಕೋಡ್ ಎಂದರೆ ಏನೆಂದೇ ತಿಳಿಯದು. ಆದರೂ ಇಲ್ಲಿಯ ಎಷ್ಟೋ ಅಂಗಡಿಗಳಲ್ಲಿ ಲಗ್ನಪತ್ರಿಕೆಗಳು ಇಂದಿಗೂ ಅದರಲ್ಲೇ ಹುಟ್ಟುತ್ತವೆ. ನನ್ನ ಮೊದಲ ಯಂತ್ರದಲ್ಲಿ ಸುಮಾರು 1,100 ಪತ್ರಿಕೆಗಳ ಮಾದರಿಗಳಿವೆ. ಗ್ರಾಹಕರು ಬಂದು, "ನಮ್ಮ ಅಣ್ಣನ ಲಗ್ನಕ್ಕ ಮಾಡಿದ್ರಲ್ರಿ, ಅಂಥಾದ ಇರಲಿ" ಎಂದರೆ ಹೆಸರು, ಮುಹೂರ್ತ, ಸ್ಥಳ ಬದಲಿಸಿ ಹತ್ತು ನಿಮಿಷದಲ್ಲಿ ಕರಡು ತೋರಿಸಬಲ್ಲೆ. ಇದು ನನ್ನ ಬಂಡವಾಳ. ಟ್ರೇಸಿಂಗ್ ಶೀಟಿನ ಮೇಲೆ ಪ್ಲೇಟಿಗೆ ಬೇಕಾದ ಪ್ರತಿ ತೆಗೆಯುವ ಹಳೆಯ ಲೇಸರ್ ಪ್ರಿಂಟರಿಗೆ ಇರುವುದೂ 32 ಬಿಟ್‌ನ ಡ್ರೈವರ್ ಒಂದೇ. ವಿಂಡೋಸ್ 11ರಲ್ಲಿ 32 ಬಿಟ್ ಆವೃತ್ತಿಯೇ ಇಲ್ಲ, ಆ ಡ್ರೈವರ್ ಅದರಲ್ಲಿ ನಡೆಯದು. ಒಂದು ಕೊಂಡಿ ಬಿಚ್ಚಿದರೆ ಸರಪಳಿ ಪೂರ್ತಿ ಕಳಚಿಕೊಳ್ಳುತ್ತದೆ.

ಈಗ ಯೋಜನೆಗೆ ಬರುತ್ತೇನೆ. ಮನೆಬಳಕೆಯ ಯಂತ್ರಗಳಿಗೆ ಇದು 2026ರ ಅಕ್ಟೋಬರ್ 13ರವರೆಗೆ ಅತಿ ಮುಖ್ಯ ಮತ್ತು ಮುಖ್ಯವೆಂದು ಗುರುತಿಸಿದ ಭದ್ರತಾ ಅಪ್‌ಡೇಟ್‌ಗಳನ್ನಷ್ಟೇ ಕೊಡುತ್ತದೆ. ಹೊಸ ಸೌಲಭ್ಯವಿಲ್ಲ, ಸಾಮಾನ್ಯ ದೋಷಗಳ ದುರಸ್ತಿಯಿಲ್ಲ. ಸೇರಲು ಮೂರು ದಾರಿಗಳಿವೆ: 30 ಡಾಲರ್ ಅಥವಾ ಅಷ್ಟೇ ಮೌಲ್ಯದ ಸ್ಥಳೀಯ ಹಣ ಕಟ್ಟುವುದು, ಮೈಕ್ರೋಸಾಫ್ಟ್ ರಿವಾರ್ಡ್ಸ್‌ನ 1,000 ಅಂಕಗಳನ್ನು ಕೊಡುವುದು, ಇಲ್ಲವೇ ಯಂತ್ರದ ಸೆಟ್ಟಿಂಗ್‌ಗಳನ್ನು ಮೈಕ್ರೋಸಾಫ್ಟ್ ಖಾತೆಗೆ ಬ್ಯಾಕಪ್ ಮಾಡಿ ಉಚಿತವಾಗಿ ಪಡೆಯುವುದು. ಒಂದೇ ಪರವಾನಗಿಯನ್ನು 10 ಯಂತ್ರಗಳವರೆಗೆ ಬಳಸಬಹುದು. ವಿಂಡೋಸ್ 10ರ ಕೊನೆಯ ಆವೃತ್ತಿಯಾದ 22ಎಚ್2 ಇರಲೇಬೇಕು. ಸಂಸ್ಥೆಗಳಿಗೆ ಬೇರೆ ದರವಿದ್ದು, ಮೊದಲ ವರ್ಷ ಯಂತ್ರವೊಂದಕ್ಕೆ 61 ಡಾಲರಿನಿಂದ ಆರಂಭವಾಗಿ ವರ್ಷ ವರ್ಷ ದುಪ್ಪಟ್ಟಾಗುತ್ತ ಮೂರು ವರ್ಷ ನಡೆಯುತ್ತದೆ. ಬಿಟ್ಟು ಹೋಗಲು ಮನಸ್ಸಿಲ್ಲದವರನ್ನು ಹೊರಡಿಸಲು ಬಾಡಿಗೆ ಏರಿಸುವ ಮನೆಮಾಲೀಕರ ಪದ್ಧತಿ ಇದು. ಯುರೋಪಿನ ಆರ್ಥಿಕ ವಲಯದವರಿಗೆ ಬ್ಯಾಕಪ್ಪಿನ ಷರತ್ತಿಲ್ಲದೆಯೇ ಉಚಿತವಾಗಿ ಕೊಟ್ಟಿದ್ದಾರೆ, ನಮಗೆ ಆ ಭಾಗ್ಯವಿಲ್ಲ.

ನಾನು ಉಚಿತದ ದಾರಿ ಹಿಡಿದೆ. ಸೆಟ್ಟಿಂಗ್ಸ್‌ನಲ್ಲಿ ವಿಂಡೋಸ್ ಅಪ್‌ಡೇಟ್ ತೆರೆದರೆ ನೋಂದಣಿಯ ಕೊಂಡಿ ಕಾಣುತ್ತದೆ. ಹಂತಗಳು ಹೆಚ್ಚಿಲ್ಲ, ಒಂದು ಚಹಾ ಮುಗಿಯುವಷ್ಟರಲ್ಲಿ ಕೆಲಸವಾಯಿತು. ತೊಡಕು ತಂತ್ರದಲ್ಲಿರಲಿಲ್ಲ. ಮೂರು ದಾರಿಗಳಲ್ಲಿ ಯಾವುದನ್ನು ಹಿಡಿದರೂ ಮೈಕ್ರೋಸಾಫ್ಟ್ ಖಾತೆ ಬೇಕೇ ಬೇಕು, ಆದರೆ ನಾಲ್ಕು ಜನ ಸರದಿಯಲ್ಲಿ ಕೂರುವ ಯಂತ್ರಕ್ಕೆ ಯಾರ ಖಾತೆಯನ್ನು ಕೊಡುವುದು? ಕೊನೆಗೆ ಅಂಗಡಿಯ ಹೆಸರಿನಲ್ಲೇ ಹೊಸ ಇಮೇಲ್ ಮಾಡಿ ಅದನ್ನು ಬಳಸಿದೆ. ನೌಕರರ ಸ್ವಂತ ಖಾತೆಯನ್ನು ಇಂಥದಕ್ಕೆ ಬಳಸಿದರೆ ಅವರು ಕೆಲಸ ಬಿಟ್ಟ ದಿನ ಯಂತ್ರದ ಬೀಗದ ಕೈಯೂ ಅವರ ಜೊತೆಗೇ ಹೋಗುತ್ತದೆ. ಇನ್ನೊಂದು ಎಚ್ಚರಿಕೆ ಇದಕ್ಕಿಂತ ದೊಡ್ಡದು. ಸೆಟ್ಟಿಂಗ್‌ಗಳ ಬ್ಯಾಕಪ್ ಜೊತೆಗೆ ಡಾಕ್ಯುಮೆಂಟ್ಸ್, ಪಿಕ್ಚರ್ಸ್ ಮುಂತಾದ ಫೋಲ್ಡರ್‌ಗಳನ್ನೂ ಮೈಕ್ರೋಸಾಫ್ಟಿನ ಅಂತರ್ಜಾಲ ಸಂಗ್ರಹವಾದ ಒನ್‌ಡ್ರೈವ್‌ಗೆ ಕಳಿಸುವ ಗುಂಡಿಗಳು ಅಲ್ಲೇ ಇರುತ್ತವೆ. ಅರ್ಜಿ ತುಂಬಿಸಲು ಬಂದವರ ಆಧಾರ್ ಕಾರ್ಡು, ಪಾಸ್‌ಬುಕ್ಕಿನ ಸ್ಕ್ಯಾನ್‌ಗಳೆಲ್ಲ ನಮ್ಮಲ್ಲಿ ಬಿದ್ದಿರುವುದು ಅದೇ ಫೋಲ್ಡರಿನಲ್ಲಿ. ಅವರ ಅಪ್ಪಣೆ ಇಲ್ಲದೆ ಅವು ಎಲ್ಲಿಗೂ ಹೋಗಕೂಡದು. ಉಚಿತ ಒನ್‌ಡ್ರೈವ್ ಇರುವುದೂ 5 ಜಿಬಿ ಮಾತ್ರ, ಎರಡು ವರದಿ ಪುಸ್ತಕಗಳ ಚಿತ್ರಗಳಿಗೇ ಅದು ತುಂಬಿಬಿಡುತ್ತದೆ. ಆ ಗುಂಡಿಗಳನ್ನು ಆಫ್ ಮಾಡಿ ಸೆಟ್ಟಿಂಗ್‌ಗಳ ಬ್ಯಾಕಪ್ಪನ್ನಷ್ಟೇ ಉಳಿಸಿಕೊಂಡೆ. ನೋಂದಣಿಗೆ ಅಡ್ಡಿಯಾಗಲಿಲ್ಲ.

ನವೆಂಬರ್, ಡಿಸೆಂಬರ್, ಜನವರಿ ಮೂರೂ ತಿಂಗಳ ಅಪ್‌ಡೇಟ್‌ಗಳು ಸಮಯಕ್ಕೆ ಸರಿಯಾಗಿ ಬಂದವು. ಯಂತ್ರ ನಿಧಾನವಾಗಿಲ್ಲ, ಪ್ರಿಂಟರ್ ಮುನಿಸಿಕೊಂಡಿಲ್ಲ, ಕೀಲಿಮಣೆ ಬದಲಾಗಿಲ್ಲ. ಹೊಸ ಸೌಲಭ್ಯಗಳು ಬರದಿರುವುದನ್ನು ಕೊರತೆಯೆಂದು ಎಣಿಸುವವರಿದ್ದಾರೆ. ನನಗೆ ಅದೇ ಈ ಯೋಜನೆಯ ಅತ್ಯುತ್ತಮ ಗುಣವಾಗಿ ಕಂಡಿತು. ಹತ್ತು ವರ್ಷಗಳಲ್ಲಿ ಮೊದಲ ಸಲ ವಿಂಡೋಸ್ ತನ್ನ ಪಾಡಿಗೆ ತಾನಿದೆ. ವಿಂಡೋಸ್ 10ರ ಸೌಲಭ್ಯಗಳಿಂದ ನನಗೇನೂ ಆಗಿಲ್ಲವೆಂದರೆ ಅದು ಕೃತಘ್ನತೆ. 2019ರ ಮೇ ತಿಂಗಳ ಆವೃತ್ತಿಯಲ್ಲಿ ಅದರೊಳಗೇ ಬಂದ ಕನ್ನಡ ಫೊನೆಟಿಕ್ ಕೀಲಿಮಣೆಯಿಂದಾಗಿ ನುಡಿಯ ವಿನ್ಯಾಸ ಬಾರದ ಹುಡುಗರೂ ಮೊದಲ ದಿನವೇ ಕನ್ನಡ ಟೈಪ್ ಮಾಡತೊಡಗಿದ್ದರು.

ಅಪ್‌ಡೇಟ್ ಇಲ್ಲದಿದ್ದರೆ ಏನು ಮಹಾ ಎಂದು ಕೇಳುವ ಸಹವ್ಯಾಪಾರಿಗಳಿಗೆ ನಾನು ಯಂತ್ರಗಳ ಕಡತಗಳಿಗೆ ಬೀಗ ಹಾಕಿ ಹಣ ಕೇಳಿದ, 2017ರ ಮೇ ತಿಂಗಳ ವಾನ್ನಾಕ್ರೈ ದಾಳಿಯನ್ನು ನೆನಪಿಸುತ್ತೇನೆ. ಬ್ರಿಟನ್ನಿನ ಆಸ್ಪತ್ರೆಗಳನ್ನೇ ಕಂಗೆಡಿಸಿದ ಆ ದಾಳಿಯಲ್ಲಿ ಹೆಚ್ಚಾಗಿ ಸಿಕ್ಕಿಬಿದ್ದದ್ದು, ಆಗ ಇನ್ನೂ ಬೆಂಬಲವಿದ್ದ ವಿಂಡೋಸ್ 7ರ ಯಂತ್ರಗಳು. ಬೇಕಾದ ತೇಪೆ ಎರಡು ತಿಂಗಳು ಮೊದಲೇ, ಮಾರ್ಚಿನಲ್ಲೇ ಬಂದಿತ್ತು, ಹಾಕಿಕೊಂಡಿರಲಿಲ್ಲ ಅಷ್ಟೇ. 2014ರ ಏಪ್ರಿಲ್ 8ರಂದೇ ಬೆಂಬಲ ಮುಗಿದಿದ್ದ ವಿಂಡೋಸ್ ಎಕ್ಸ್‌ಪಿಗೂ ಮೈಕ್ರೋಸಾಫ್ಟ್ ಆಗ ತುರ್ತಾಗಿ ತೇಪೆ ಬಿಡುಗಡೆ ಮಾಡಬೇಕಾಯಿತು. ಆದ್ದರಿಂದ ಈ ಯೋಜನೆಗೆ ಹೆಸರು ಬರೆಸಿ, ಆಮೇಲೆ ಲಗ್ನಸರಾಯಿ ಮುಗಿಯಲಿ ಎಂದು ರೀಸ್ಟಾರ್ಟ್ ಮುಂದೂಡುತ್ತಲೇ ಇರುವವರಿಗೆ ಇದರಿಂದ ಪ್ರಯೋಜನವಿಲ್ಲ. ನಾನು ಬುಧವಾರ ರಾತ್ರಿ ಅಂಗಡಿ ಮುಚ್ಚುವ ಮುನ್ನ, ಯುಪಿಎಸ್ ತುಂಬಿದೆಯೇ ನೋಡಿಕೊಂಡು ಹಾಕಿಬಿಡುತ್ತೇನೆ. ಅಪ್‌ಡೇಟಿನ ನಡುವೆ ಕರೆಂಟ್ ಹೋದರೆ ಆಗುವ ಫಜೀತಿ ಈ ಊರಿನವರಿಗೆ ಗೊತ್ತಿದ್ದದ್ದೇ.

ಅಂತರ್ಜಾಲವಿಲ್ಲದ ಯಂತ್ರಕ್ಕೆ ಭಯವಿಲ್ಲ ಎಂಬ ಮಾತನ್ನು ನಾನೂ ನಂಬಿದ್ದೆ. ಐದು ವರ್ಷಗಳ ಹಿಂದೆ ಗ್ರಾಹಕರೊಬ್ಬರ ಪೆನ್ ಡ್ರೈವ್‌ನಿಂದ ಶಾರ್ಟ್‌ಕಟ್ ವೈರಸ್ ಬಂದು ಮೊದಲ ಯಂತ್ರದ ಫೋಲ್ಡರ್‌ಗಳೆಲ್ಲ ಕಣ್ಮರೆಯಾದಾಗ ಆ ನಂಬಿಕೆ ಹೋಯಿತು. ಕಡತಗಳು ಅಡಗಿದ್ದವು, ಅಳಿದಿರಲಿಲ್ಲ. ಆದರೂ ಎರಡು ದಿನದ ಕೆಲಸ ಹಾಳಾಯಿತು. ಈಗ ಹೊರಗಿನ ಪೆನ್ ಡ್ರೈವ್ ಮೊದಲು ಮಧ್ಯದ ಯಂತ್ರದಲ್ಲಿ ಪರೀಕ್ಷೆಗೊಳಗಾಗಿ, ಬೇಕಾದ ಕಡತ ಮಾತ್ರ ಅಂಗಡಿಯದೇ ಡ್ರೈವಿನಲ್ಲಿ ಮೂಲೆಗೆ ಹೋಗುತ್ತದೆ. ವಿಂಡೋಸ್ 7ಕ್ಕೆ 2020ರ ಜನವರಿಯಲ್ಲಿಯೇ ಬೆಂಬಲ ನಿಂತಿರುವುದರಿಂದ ಆ ಮೂಲೆಯ ಸುರಕ್ಷತೆ ಮಧ್ಯದ ಯಂತ್ರದ ಆರೋಗ್ಯವನ್ನೇ ಅವಲಂಬಿಸಿದೆ. ಬ್ಯಾಂಕಿನ ವ್ಯವಹಾರ ಮಾಡುವುದೂ ಅದೇ ಯಂತ್ರದಲ್ಲಿ. ವಿಸ್ತೃತ ಅಪ್‌ಡೇಟ್ ತೆಗೆದುಕೊಳ್ಳಲು ನನಗೆ ಇಷ್ಟು ಸಾಕಾಗಿತ್ತು.

ಮಗಳ ಲ್ಯಾಪ್‌ಟಾಪಿನ ವಿಂಡೋಸ್ 11 ಬಗ್ಗೆ ಹೆಚ್ಚು ಹೇಳುವುದಿಲ್ಲ. ಕನ್ನಡ ಚೆನ್ನಾಗಿ ಮೂಡುತ್ತದೆ, ಭದ್ರತೆ ಖಂಡಿತ ಮೇಲು. ರೈಟ್ ಕ್ಲಿಕ್ ಮಾಡಿದಾಗ ಬೇಕಾದದ್ದು ಇನ್ನೊಂದು ಕ್ಲಿಕ್ಕಿನ ಹಿಂದೆ ಅಡಗಿರುವುದು ದಿನಕ್ಕೆ ನೂರು ಸಲ ಅದನ್ನು ಮಾಡುವವನಿಗೆ ಕಿರಿಕಿರಿ, ಆದರೆ ಅಭ್ಯಾಸವಾಗದಂಥದೇನಲ್ಲ. ಮಧ್ಯದ ಯಂತ್ರಕ್ಕೆ ವಿಂಡೋಸ್ ಬದಲು ಲಿನಕ್ಸ್ ಮಿಂಟ್ ಹಾಕುವ ಸಲಹೆಯೂ ಬಂದಿತ್ತು. ಅದರ 22ನೆಯ ಆವೃತ್ತಿಗೆ 2029ರವರೆಗೆ ಬೆಂಬಲವಿದೆ, ಖರ್ಚಿಲ್ಲ. ಬ್ರೌಸರ್ ಮತ್ತು ಇಮೇಲ್ ಅಷ್ಟೇ ಸಾಕೆನ್ನುವ ಮನೆಗಳಿಗೆ ಅದನ್ನೇ ನಾನೂ ಹೇಳುವೆ. ನಮ್ಮ ಬಿಲ್ಲಿನ ತಂತ್ರಾಂಶ ಅದರಲ್ಲಿ ನಡೆಯದ ಕಾರಣ ಕೈಬಿಟ್ಟೆ.

ಸಿಕ್ಕ ವರ್ಷವನ್ನು ಮಾದರಿಗಳ ವರ್ಗಾವಣೆಗೆ ಬಳಸುತ್ತಿದ್ದೇನೆ. ಹಳೆಯ ಪಠ್ಯವನ್ನು ಪರಿವರ್ತಕದಿಂದ ಯೂನಿಕೋಡಿಗೆ ತಂದರೆ ನೂರಕ್ಕೆ ತೊಂಬತ್ತು ಸರಿಯಿರುತ್ತದೆ, ಉಳಿದ ಹತ್ತೇ ಜೀವ ತಿನ್ನುತ್ತದೆ. ಹಳೆಯ ಫಾಂಟ್‌ಗಳಲ್ಲಿ ಅರ್ಕಾವತ್ತನ್ನು ಕಣ್ಣಿಗೆ ಕಾಣುವ ಕ್ರಮದಲ್ಲಿ, ಅಂದರೆ ಅಕ್ಷರವಾದ ಮೇಲೆ ಒತ್ತುತ್ತಿದ್ದೆವು. ಯೂನಿಕೋಡಿನಲ್ಲಿ ಉಚ್ಚಾರಣೆಯ ಕ್ರಮದಂತೆ ರೇಫ ಮೊದಲು ಬರಬೇಕು. ಒತ್ತಕ್ಷರವಿರುವ ಕಡೆ ಪರಿವರ್ತಕ ಎಡವಿದರೆ ವಧೂವರರ ಹೆಸರೇ ಕೆಡುತ್ತದೆ, ಆದ್ದರಿಂದ ಪ್ರತಿಯೊಂದನ್ನೂ ಕಣ್ಣಿಟ್ಟು ಓದಬೇಕು. ಪುಟವಿನ್ಯಾಸಕ್ಕೆ ಸ್ಕ್ರೈಬಸ್ ಬಳಸುತ್ತಿದ್ದೇನೆ. 2024ರಲ್ಲಿ ಬಂದ ಅದರ 1.6 ಆವೃತ್ತಿ ಕನ್ನಡದ ಒತ್ತಕ್ಷರಗಳನ್ನು ಸರಿಯಾಗಿ ಜೋಡಿಸುತ್ತದೆ. ಆದರೆ ಲಗ್ನಪತ್ರಿಕೆಯ ತಲೆಬರಹಕ್ಕೆ ಬೇಕಾಗುವ ಬಳ್ಳಿ ಸುತ್ತಿದಂಥ ಅಲಂಕಾರದ ಅಕ್ಷರಗಳು ಯೂನಿಕೋಡಿನಲ್ಲಿ ಇನ್ನೂ ಕಡಿಮೆ, ಅವನ್ನು ಚಿತ್ರಗಳಾಗಿಯೇ ತರಬೇಕಾಗಿದೆ.

ಯೋಜನೆಗೆ ನನ್ನ ಅಂಕ ಐದಕ್ಕೆ ಮೂರೂವರೆ. ಖಾತೆಯ ಕಡ್ಡಾಯಕ್ಕೆ ಒಂದು, ಚೆನ್ನಾಗಿ ನಡೆಯುವ ಯಂತ್ರಗಳಿಗೆ ಒಂದೇ ವರ್ಷ ಕೊಟ್ಟದ್ದಕ್ಕೆ ಅರ್ಧ ಕಳೆದಿದ್ದೇನೆ. ಯಂತ್ರ ವಿಂಡೋಸ್ 11ಕ್ಕೆ ಅರ್ಹವಿದ್ದು ಹಳೆಯ ಪ್ರಿಂಟರ್, ಹಳೆಯ ಫಾಂಟಿನ ಕಟ್ಟು ಇಲ್ಲದವರು ಇದರ ಗೊಡವೆಗೆ ಹೋಗದೆ ನೇರವಾಗಿ ಬದಲಾಯಿಸಿಕೊಳ್ಳಬಹುದು. ನನ್ನಂಥವರು ಅವಧಿ ಮುಗಿಯುವವರೆಗೂ ಸೇರಬಹುದು, ಆದರೆ ತಡವಾಗಿ ಸೇರಿದರೂ ಮುಗಿಯುವ ದಿನ ಅದೇ 2026ರ ಅಕ್ಟೋಬರ್ 13. ನನ್ನ ಸಾವಿರದ ನೂರು ಮಾದರಿಗಳಲ್ಲಿ ಇದುವರೆಗೆ ದಾಟಿಸಿದ್ದು 280. ವೈಶಾಖದ ಲಗ್ನಗಳು ಶುರುವಾಗುವ ಮೊದಲು ಇನ್ನೊಂದು ನೂರು ಆಗಬೇಕು. ಲಗ್ನಸರಾಯಿಯ ಆ ಎರಡು ತಿಂಗಳು ಈ ಕೆಲಸವೇನೂ ಆಗುವುದಿಲ್ಲ.