ಕಲಬುರಗಿಯಲ್ಲಿ ಹಲ್ಲಿಗೆ ಕ್ಯಾಪ್ ಹಾಕಿಸಿಕೊಂಡು ಐದು ತಿಂಗಳಾಯಿತು

ಎಳ್ಳಮಾವಾಸ್ಯೆ ದಿನ ಹೊಲದಲ್ಲಿ ಚರಗ ಚೆಲ್ಲಿ ಎಲ್ಲರೂ ಊಟಕ್ಕೆ ಕೂತಿದ್ದೆವು. ಭಜ್ಜಿ, ಶೇಂಗಾ ಹೋಳಿಗೆ, ಎಳ್ಳು ಹಚ್ಚಿದ ಸಜ್ಜೆಯ ಕಡಕ್ ರೊಟ್ಟಿ. ಎರಡನೇ ರೊಟ್ಟಿ ಮುರಿದು ಬಾಯಿಗಿಟ್ಟೆ, ಕಟ್ ಅಂತ ಸದ್ದಾಯಿತು. ಅದು ರೊಟ್ಟಿಯ ಸದ್ದಲ್ಲ ಅಂತ ಆಗಲೇ ಗೊತ್ತಾಯಿತು. ನಾಲಿಗೆ ಆಡಿಸಿದರೆ ಕೆಳಗಿನ ಎಡಗಡೆ ದವಡೆ ಹಲ್ಲಿನ ಒಳಮಗ್ಗುಲೇ ಇಲ್ಲ. ಅಂಗೈಗೆ ಉಗುಳಿ ನೋಡಿದೆ. ಅರ್ಧ ಶೇಂಗಾ ಬೀಜದಷ್ಟು ಚೂರು, ಒಂದು ಮೈ ನುಣುಪು, ಇನ್ನೊಂದು ಮೈ ಒಡೆದ ಗಡಿಗೆಯ ಅಂಚಿನ ಹಾಗೆ. ನೋವು ಮಾತ್ರ ಚೂರೂ ಇರಲಿಲ್ಲ.

ನೋವು ಯಾಕಿರಲಿಲ್ಲ ಅಂದರೆ ಆ ಹಲ್ಲಿಗೆ ಎಂಟು ತಿಂಗಳ ಹಿಂದೆಯೇ ರೂಟ್ ಕೆನಾಲ್ ಆಗಿತ್ತು. ಮಾಡಿಸಿದ್ದು ಬೇರೆ ಕಡೆ. ಮೂರು ಸಲ ಕರೆಸಿ, ನರ ತೆಗೆದು, ಮೇಲೆ ಸಿಮೆಂಟ್ ತುಂಬಿ, ಹೊರಡುವಾಗ "ಮುಂದ ಬೇಕಾದ್ರ ಕ್ಯಾಪ್ ಹಾಕಿಸ್ಕೊರಿ" ಅಂದಿದ್ದರು. ಬೇಕಾದ್ರೆ ಅಂದಮೇಲೆ ಅದು ಅಷ್ಟೇನೂ ಬೇಕಿಲ್ಲ ಅಂತಲೇ ಯಾರಾದರೂ ತಿಳಿಯುತ್ತಾರೆ, ಅಲ್ವಾ? ನೋವು ಹೋಗಿತ್ತು, ಮಕ್ಕಳ ಶಾಲೆ ಫೀಸು ಎದುರಿಗಿತ್ತು, ಸುಮ್ಮನಾದೆ. ಆ ಒಂದು ಮಾತಿನ ಬಗ್ಗೆ ನನಗೆ ಈಗಲೂ ಬೇಜಾರಿದೆ. "ಹಾಕಿಸಲೇಬೇಕು, ಇಲ್ಲಾಂದ್ರೆ ಒಡೆಯುತ್ತೆ" ಅಂತ ಒಂದೇ ಸಲ ಹೇಳಿದ್ದರೂ ಸಾಲ ಮಾಡಿಯಾದರೂ ಹಾಕಿಸುತ್ತಿದ್ದೆ.

ಈಗ ನಾನು ಹೋದ ಈ ಕ್ಲಿನಿಕ್ ಕಲಬುರಗಿಯ ಸೂಪರ್ ಮಾರ್ಕೆಟ್ ಅನ್ನುವ ಏರಿಯಾ ಕಡೆ ಇದೆ, ಮೊದಲನೇ ಮಹಡಿ. ಡಾಕ್ಟರು ಮೊದಲು ಎಕ್ಸ್‌ರೇ ತೆಗೆದರು. ಹಲ್ಲು ಬೇರಿನ ತನಕ ಸೀಳಿದ್ದರೆ ಉಳಿಸೋಕೆ ಆಗುವುದಿಲ್ಲ, ಕೀಳಲೇಬೇಕು ಅಂತ ಮುಂಚೆಯೇ ಹೇಳಿ, ಆಮೇಲೆ ಒಂದು ತೆಳು ಮೊನೆಯ ಕಡ್ಡಿಯಿಂದ ವಸಡಿನ ಸುತ್ತ ಆಳ ಅಳೆದು ನೋಡಿದರು. ಪುಣ್ಯಕ್ಕೆ ಸೀಳು ಕೆಳಗೆ ಇಳಿದಿರಲಿಲ್ಲ.

ಕ್ಯಾಪ್ ಯಾಕೆ ಅಂತ ನನಗೆ ನಿಜವಾಗಿ ಅರ್ಥವಾಗಿದ್ದು ಅವತ್ತೇ. ಹುಳುಕು ತೆಗೆದು, ಬೇರಿನ ತನಕ ದಾರಿ ಮಾಡುವಾಗ ಹಲ್ಲಿನ ನಡುವಿನ ಭಾಗ ಬಹುಪಾಲು ಹೋಗಿಬಿಟ್ಟಿರುತ್ತದೆ. ಸುತ್ತ ಗೋಡೆ, ನಡುವೆ ಸಿಮೆಂಟ್. ಮೇಲಿನಿಂದ ನೋಡಿದರೆ ಗಟ್ಟಿ ಹಲ್ಲೇ. ಆದರೆ ಗಟ್ಟಿ ಪದಾರ್ಥ ಕಚ್ಚಿದಾಗ ಗೋಡೆಗಳು ಹೊರಗೆ ಬಿರಿಯುತ್ತವೆ. "ಬಂಡಿ ಗಾಲಿಗೆ ಕಬ್ಬಿಣದ ಪಟ್ಟಿ ಯಾಕ ಹಾಕ್ತಾರ ಹೇಳ್ರಿ? ಕಟ್ಟಿಗಿ ಬಿಚ್ಚಬಾರ್ದಂತ. ಇದೂ ಹಂಗ" ಅಂದರು. ಇಷ್ಟು ಸಾಕಿತ್ತು ನನಗೆ. ಕ್ಯಾಪ್ ಅಂದರೆ ಚೆಂದಕ್ಕೆ ಮುಚ್ಚುವ ಮುಚ್ಚಳ ಅಂತ ಅಂದುಕೊಂಡಿದ್ದೆ, ಅದು ಸುತ್ತಲೂ ಬಿಗಿಯಾಗಿ ಹಿಡಿಯುವ ಪಟ್ಟಿ.

ಪಟ್ಟಿ ಹಿಡಿಯಬೇಕಾದರೆ ಹಿಡಿಯಲು ಹಲ್ಲು ಇರಬೇಕು. ನನ್ನ ಹಲ್ಲು ಒಳಮಗ್ಗುಲಲ್ಲಿ ವಸಡಿನ ಮಟ್ಟಕ್ಕೆ ಮುರಿದಿತ್ತು. ಹಾಗಾಗಿ ಇಂಜೆಕ್ಷನ್ ಕೊಟ್ಟು ವಸಡಿನ ಸಣ್ಣ ಅಂಚನ್ನು ಸುಟ್ಟು ತೆಗೆದರು. ನೋವಾಗಲಿಲ್ಲ, ವಾಸನೆ ಮಾತ್ರ ಸ್ವಲ್ಪ ಹೊತ್ತು ಮೂಗಿನಲ್ಲೇ ಇತ್ತು. ಆಮೇಲೆ ಒಳಗೆ ಫೈಬರ್‌ನ ಸಣ್ಣ ಕಡ್ಡಿ ಕೂರಿಸಿ, ಅದರ ಸುತ್ತ ಹಲ್ಲಿನ ಬಣ್ಣದ ಮಸಾಲೆ ತುಂಬಿ ನೀಲಿ ಲೈಟ್ ಹಿಡಿದು ಗಟ್ಟಿ ಮಾಡಿದರು. ವಸಡು ಮಾಯಲಿ ಅಂತ ಹತ್ತು ದಿನ ಬಿಟ್ಟು ಬರಲು ಹೇಳಿದರು.

ಯಾವ ಕ್ಯಾಪ್ ಅನ್ನುವ ಮಾತಿಗೆ ಬರುತ್ತೇನೆ, ಎಲ್ಲರೂ ಕೇಳುವುದು ಇದನ್ನೇ. ನನಗೆ ಹೇಳಿದ ರೇಟು: ಬರೀ ಮೆಟಲ್ 2,000, ಒಳಗೆ ಮೆಟಲ್ ಮೇಲೆ ಪಿಂಗಾಣಿ ಇರುವುದು 4,000, ಜಿರ್ಕೋನಿಯಾ (ಹಲ್ಲಿನ ಬಣ್ಣದ, ತುಂಬಾ ಗಟ್ಟಿ ಪಿಂಗಾಣಿಯಂಥದ್ದು) 9,000. ದುಡ್ಡು ಜಾಸ್ತಿ ಇರುವುದನ್ನೇ ತಗೊಳ್ಳಿ ಅಂತ ಅವರು ಒಂದು ಸಲವೂ ಒತ್ತಾಯ ಮಾಡಲಿಲ್ಲ, ಇದನ್ನು ಬರೆಯಲೇಬೇಕು. ಹಿಂದಿನ ಹಲ್ಲಿಗೆ ಮೆಟಲ್ ಕ್ಯಾಪ್ ಒಳ್ಳೆಯದೇ, ಕ್ಯಾಪಿಗೆ ಜಾಗ ಆಗಲಿ ಅಂತ ಹಲ್ಲನ್ನು ಮೆಷಿನ್ನಿಂದ ಸವೆಸುತ್ತಾರಲ್ಲ, ಅದು ತುಂಬಾ ಕಡಿಮೆ ಸಾಕು, ಒಡೆಯುವುದಿಲ್ಲ, ಕಾಣಿಸಿದರೂ ಪರವಾಗಿಲ್ಲ ಅನ್ನುವವರಿಗೆ ಅದೇ ಸಾಕು ಅಂದರು. ಪಿಂಗಾಣಿಯದು ಕೆಲವು ವರ್ಷದಲ್ಲಿ ಚೆಕ್ಕೆ ಏಳಬಹುದು, ವಸಡು ಸ್ವಲ್ಪ ಇಳಿದರೆ ಅಂಚಿನಲ್ಲಿ ಕಪ್ಪು ಗೆರೆ ಕಾಣಬಹುದು. ಜಿರ್ಕೋನಿಯಾದಲ್ಲಿ ಮೆಟಲ್ ಇಲ್ಲ, ಹಾಗಾಗಿ ಆ ಗೆರೆಯೂ ಇಲ್ಲ. ನಾನು ಶಾಲೆಯಲ್ಲಿ ಪಾಠ ಮಾಡುವವಳು, ಬಾಯಿ ತೆರೆದರೆ ಮುಂದಿನ ಬೆಂಚಿನ ಮಕ್ಕಳಿಗೆ ಎಲ್ಲ ಹಲ್ಲೂ ಕಾಣುತ್ತವೆ. ಜಿರ್ಕೋನಿಯಾ ಅಂದೆ. ಅರ್ಧ ಮೊದಲು, ಅರ್ಧ ಕ್ಯಾಪ್ ಕೂರಿಸಿದ ದಿನ ಕೊಟ್ಟೆ.

ಬಣ್ಣ ನೋಡಿದ ರೀತಿ ಇಷ್ಟವಾಯಿತು. ಹಲ್ಲು ಸವೆಸುವ ಮೊದಲೇ ಕುರ್ಚಿಯ ದೊಡ್ಡ ಲೈಟ್ ಆರಿಸಿ, ನನ್ನನ್ನು ಕಿಟಕಿ ಹತ್ತಿರ ನಿಲ್ಲಿಸಿ, ಹಲ್ಲಿನ ಮಾದರಿಗಳ ಪಟ್ಟಿಯನ್ನು ಪಕ್ಕದಲ್ಲಿ ಹಿಡಿದು ನೋಡಿದರು. ಬಾಯಿ ತುಂಬಾ ಹೊತ್ತು ತೆರೆದಿದ್ದರೆ ಹಲ್ಲು ಒಣಗಿ ಬೆಳ್ಳಗೆ ಕಾಣುತ್ತದಂತೆ, ಆಮೇಲೆ ತೆಗೆದ ಬಣ್ಣ ತಪ್ಪಾಗುತ್ತದಂತೆ. ಆ ಪಟ್ಟಿಯಲ್ಲಿ ನನ್ನ ಹಲ್ಲಿನ ಬಣ್ಣದ ನಂಬರು ಎ3. ನನ್ನ ತವರು ಯಾದಗಿರಿ ಕಡೆ, ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಜಾಸ್ತಿ ಇರುವ ಊರು. ಲೀಟರಿಗೆ 1.5 ಮಿಲಿಗ್ರಾಂ ದಾಟಿದರೆ ಕುಡಿಯಲು ಯೋಗ್ಯವಲ್ಲ ಅನ್ನುತ್ತಾರೆ, ನಾವು ಸಣ್ಣವರಿದ್ದಾಗ ಅದನ್ನು ಅಳೆದು ಹೇಳುವವರು ಯಾರಿದ್ದರು? ಚಿಕ್ಕಂದಿನಲ್ಲಿ ಹಲ್ಲು ಒಳಗೆ ಬೆಳೆಯುತ್ತಿರುವಾಗಲೇ ಆ ನೀರು ಕುಡಿದು, ನನ್ನ ಹಲ್ಲುಗಳ ಮೇಲೆ ಕಂದು ಗೆರೆಗಳಿವೆ. ಡಾಕ್ಟರು ನೋಡಿ "ಅಕ್ಕಾರ, ಈ ಗೆರಿ ಕ್ಯಾಪ್ ಮ್ಯಾಲೂ ಬೇಕೇನು, ಬ್ಯಾಡೇನು?" ಅಂತ ಕೇಳಿದರು. ಮುಂದಿನ ಹಲ್ಲಾಗಿದ್ದರೆ ಪಕ್ಕದ್ದಕ್ಕೆ ಹೊಂದಲಿ ಅಂತ ಕ್ಯಾಪ್ ಮಾಡುವ ಲ್ಯಾಬಿನವರು ಹಾಗೆ ಬಣ್ಣ ಕೊಡುತ್ತಾರಂತೆ. ಹಿಂದಿನದಕ್ಕೆ ಬೇಡ ಅಂದೆ. ಆದರೆ ಆ ಗೆರೆಗಳ ಬಗ್ಗೆ ಯಾರಾದರೂ ಹೀಗೆ ಸಹಜವಾಗಿ ಮಾತಾಡಿದ್ದು ಅದೇ ಮೊದಲು. ಸಣ್ಣವಳಿದ್ದಾಗಿನಿಂದ "ಹಲ್ಲು ತಿಕ್ಕೋದಿಲ್ಲೇನು" ಅಂತ ಕೇಳಿಸಿಕೊಂಡೇ ಬೆಳೆದಿದ್ದೇನೆ.

ಹಲ್ಲು ಸವೆಸುವ ದಿನ ಮತ್ತೆ ಇಂಜೆಕ್ಷನ್. ನರವೇ ಇಲ್ಲದ ಹಲ್ಲಿಗೆ ಇಂಜೆಕ್ಷನ್ ಯಾಕೆ ಅಂತ ಕೇಳಿದೆ. ಹಲ್ಲಿಗಲ್ಲ, ವಸಡಿಗೆ. ಹಲ್ಲು ಮತ್ತು ವಸಡಿನ ಸಂದಿಯಲ್ಲಿ ಒಂದು ತೆಳು ದಾರ ಒತ್ತಿ ಕೂರಿಸುತ್ತಾರೆ, ಅಂಚು ಸ್ಪಷ್ಟವಾಗಿ ಅಚ್ಚಿನಲ್ಲಿ ಬರಲಿ ಅಂತ. ಸವೆಸುವುದು ಹತ್ತಿರ ಹತ್ತಿರ ಅರ್ಧ ಗಂಟೆ. ನೀರು, ಸದ್ದು, ದವಡೆ ನೋವು. "ನೋವಾದ್ರ ಎಡಗೈ ಎತ್ರಿ" ಅಂದಿದ್ದರು, ಎರಡು ಸಲ ಎತ್ತಿದೆ, ಎರಡೂ ಸಲ ತಕ್ಷಣ ನಿಲ್ಲಿಸಿದರು.

ಆಮೇಲೆ ಅಚ್ಚು. ಅಲ್ಲಿ ಕೆಲಸ ಮಾಡುವ ಹುಡುಗಿ ಎರಡು ಬಣ್ಣದ ಮುದ್ದೆಗಳನ್ನು ಕೈಯಲ್ಲಿ ತಗೊಂಡು, ರೊಟ್ಟಿ ಹಿಟ್ಟು ನಾದಿದ ಹಾಗೆ ನಾದಿದಳು, ಎರಡು ಬಣ್ಣ ಸೇರಿ ಒಂದೇ ಆಗುವ ತನಕ. ಅದಕ್ಕೂ ಮುಂಚೆ ಹಾಕಿಕೊಂಡಿದ್ದ ಗ್ಲೌಸ್ ತೆಗೆದು ಕೈ ಚೆನ್ನಾಗಿ ತೊಳೆದುಕೊಂಡಿದ್ದಳು. ರಬ್ಬರ್ ಗ್ಲೌಸಿನಲ್ಲಿ ಕಲಸಿದರೆ ಅದು ಸರಿಯಾಗಿ ಗಟ್ಟಿ ಆಗುವುದಿಲ್ಲ ಅಂತ ಕೇಳಿದ್ದಕ್ಕೆ ಹೇಳಿದಳು. ಕೇಳಿದ್ದಕ್ಕೆಲ್ಲ ಉತ್ತರ ಕೊಡುವ ಜಾಗ ಇದು. ಐದು ನಿಮಿಷ ಬಾಯಲ್ಲಿಟ್ಟು ಎಳೆದು ತೆಗೆದಾಗ, ಆ ಮುದ್ದೆಯೊಳಗೆ ನನ್ನ ಹಲ್ಲಿನ ಗುಂಡಿ ಮತ್ತು ಅದರ ಸುತ್ತ ಕೂದಲೆಳೆಯಂಥ ಒಂದು ಅಂಚು ಕಾಣಿಸಿತು. ಡಾಕ್ಟರು ಕಿಟಕಿ ಬೆಳಕಿಗೆ ತಿರುಗಿಸಿ ತಿರುಗಿಸಿ ನೋಡಿ, ಒಂದು ಕಡೆ ಗಾಳಿ ಗುಳ್ಳೆ ಬಂದಿದೆ ಅಂತ ಅಚ್ಚನ್ನು ಇನ್ನೊಂದು ಸಲ ತೆಗೆದರು. ನನಗೆ ಸಾಕಾಗಿತ್ತು, ನಿಜ. ಈಗ ಅನಿಸುತ್ತದೆ, ಆ ಗುಳ್ಳೆ ಇದ್ದ ಅಚ್ಚನ್ನೇ ಲ್ಯಾಬಿಗೆ ಕಳಿಸಿದ್ದರೆ ಕ್ಯಾಪಿನ ಅಂಚು ಅಲ್ಲಿ ಸರಿಯಾಗಿ ಕೂರುತ್ತಲೇ ಇರಲಿಲ್ಲ. ಕ್ಯಾಪಿಗೆ ಹುಳ ಹಿಡಿಯುವುದಿಲ್ಲ, ಆದರೆ ಅಂಚಿನಲ್ಲಿ ಸಂದಿ ಇದ್ದರೆ ಒಳಗಿನ ಹಲ್ಲಿಗೆ ಹಿಡಿಯುತ್ತದೆ.

ಇನ್ನು ಸರಿ ಅನಿಸದ ವಿಷಯಗಳು. ಸಂಜೆ 5 ಗಂಟೆ ಅಂತ ಟೈಮ್ ಕೊಟ್ಟರೆ ಕುರ್ಚಿ ಸಿಗುವುದು ಆರೂವರೆಗೆ. ಒಂದು ಸಲ ಅಲ್ಲ, ಪ್ರತಿ ಸಲ. ಎಂಟು ದಿನದಲ್ಲಿ ಬರುತ್ತದೆ ಅಂದ ಕ್ಯಾಪ್ ಲ್ಯಾಬಿನಿಂದ ಬಂದಿದ್ದು ಹನ್ನೊಂದನೇ ದಿನ, ಅದನ್ನೂ ನಾನೇ ಫೋನ್ ಮಾಡಿ ಕೇಳಿ ತಿಳಿದುಕೊಂಡೆ. ನಡುವೆ, ಅದು ಬರುವ ತನಕ ಅಂತ ಹಾಕಿದ್ದ ತಾತ್ಕಾಲಿಕ ಕ್ಯಾಪ್ ನಾಲ್ಕನೇ ದಿನ ಕಳಚಿ ಬಂತು, ಅದೂ ಭಾನುವಾರ, ಫೋನ್ ಯಾರೂ ಎತ್ತಲಿಲ್ಲ. ಅದಿಲ್ಲದೆ ಬಿಟ್ಟರೆ ಪಕ್ಕದ ಹಲ್ಲು ಮೆಲ್ಲಗೆ ಜರುಗಿ, ಬರುವ ಕ್ಯಾಪ್ ಕೂರದೆ ಹೋಗಬಹುದು, ಹಾಗಾಗಿ ಜೋಪಾನವಾಗಿ ಎತ್ತಿಟ್ಟುಕೊಂಡು ಸೋಮವಾರ ಬೆಳಿಗ್ಗೆ ಓಡಿದೆ. ಸೇರಿಸಿ ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಲಿಫ್ಟ್ ಇಲ್ಲ. ಬಿಲ್ ಕೇಳಿದರೆ ಮಾತ್ರ ಕೊಡುತ್ತಾರೆ, ಕೇಳಿ ಇಸ್ಕೊಳ್ಳಿ.

ಇಷ್ಟೆಲ್ಲ ಇದ್ದರೂ ಇಲ್ಲಿಗೇ ಹೋಗಿ ಅಂತ ನಾನು ಹೇಳುವುದು ಕ್ಯಾಪ್ ಕೂರಿಸಿದ ದಿನಕ್ಕಾಗಿ. ಕೂರಿಸಿ, ನೀಲಿ ಕಾಗದ ನಡುವೆ ಇಟ್ಟು "ಟಕ ಟಕ ಕಡೀರಿ" ಅಂದರು. ಆಮೇಲೆ "ಮೆಲುಕು ಹಾಕಿದಂಗ ಆಕಡಿ ಈಕಡಿ ಆಡಸ್ರಿ". ಕಪ್ಪು ನೀಲಿ ಚುಕ್ಕೆ ಎಲ್ಲಿ ದಟ್ಟವಾಗಿ ಬಿದ್ದಿದೆ ನೋಡಿ ಅಷ್ಟನ್ನೇ ಉಜ್ಜುವುದು, ಮತ್ತೆ ಕಾಗದ, ಮತ್ತೆ ಉಜ್ಜುವುದು. ನಾಲ್ಕನೇ ಸಲಕ್ಕೆ ನನಗೆ ಸಂಕೋಚವಾಗಿ, ಹೊರಗೆ ಜನ ಕಾಯುತ್ತಿದ್ದಾರಲ್ಲ ಅಂತ, "ಸರಿ ಅದ ಬಿಡ್ರಿ ಸರ್" ಅಂದೆ. ಅವರು ಕೈ ನಿಲ್ಲಿಸಿ ಮುಖ ನೋಡಿ "ಸುಮ್ನೆ ಸರಿ ಅನಬ್ಯಾಡ್ರಿ. ನೀವು ಇದರ್ಲೆ ರೊಟ್ಟಿ ತಿನ್ನೋರು" ಅಂದರು. ಒಂದು ಕೂದಲಿನಷ್ಟು ಎತ್ತರ ಇದ್ದರೂ ಕಚ್ಚಿದಾಗ ಭಾರವೆಲ್ಲ ಅದೊಂದರ ಮೇಲೇ ಬಿದ್ದು, ದವಡೆ ನೋವು, ಎದುರಿನ ಹಲ್ಲಿಗೆ ನೋವು ಶುರುವಾಗುತ್ತದೆ. ಆರನೇ ಸಲಕ್ಕೆ ಬಾಯಿ ಮುಚ್ಚಿದಾಗ ಎರಡೂ ಕಡೆ ಒಟ್ಟಿಗೆ ಕೂತಿತು. ನಾಲಿಗೆಗೆ ಹೊಸದು ಅಂತ ಗೊತ್ತಾಗುತ್ತಿತ್ತು, ಹಲ್ಲುಗಳಿಗೆ ಗೊತ್ತಾಗುತ್ತಿರಲಿಲ್ಲ. ಆಮೇಲೆ ಎರಡೂ ಪಕ್ಕಕ್ಕೆ ದಾರ ತೂರಿಸಿ ಬಿಗಿ ನೋಡಿದರು. ಸಡಿಲ ಇದ್ದರೆ ಅಲ್ಲಿ ಅನ್ನ, ಪಲ್ಯ ಸಿಕ್ಕಿಕೊಳ್ಳುತ್ತದೆ. ಎಲ್ಲ ಆದಮೇಲೆ ಸಿಮೆಂಟ್ ಹಾಕಿ ಅಂಟಿಸಿದರು. ಆ ದಿನ ಪೂರ್ತಿ ಇನ್ನೊಂದು ಕಡೆಯಿಂದಲೇ, ಮೆತ್ತಗಿನದನ್ನೇ ತಿನ್ನಿ ಅಂದರು. ಮೊಸರನ್ನ ತಿಂದೆ.

ಮೂರನೇ ದಿನ ಶೇಂಗಾ ಹಿಂಡಿ ಜೊತೆ ರೊಟ್ಟಿ ತಿನ್ನುವಾಗ ಒಂದು ಮೂಲೆ ತಾಗಿದ ಹಾಗೆ ಅನಿಸಿತು. ಹೋದೆ, ಹತ್ತು ನಿಮಿಷದಲ್ಲಿ ಸರಿ ಮಾಡಿದರು. ಅವತ್ತೂ ದುಡ್ಡಿಲ್ಲ. ಇಂಥದ್ದಕ್ಕೆ "ಅಡ್ಜಸ್ಟ್ ಆಗುತ್ತೆ" ಅಂತ ನೀವೇ ಸಮಾಧಾನ ಮಾಡಿಕೊಂಡು ಕೂರಬೇಡಿ, ಕ್ಯಾಪ್ ತಾನಾಗಿ ತಗ್ಗುವುದಿಲ್ಲ.

ವಾರಂಟಿ ಕಾರ್ಡ್ ಕೊಟ್ಟರು, ಹತ್ತು ವರ್ಷ ಅಂತ ಬರೆದಿದೆ. ಓದಿ ನೋಡಿ: ಕ್ಯಾಪ್ ಒಡೆದರೆ ಮಾತ್ರ. ಒಳಗೆ ಹಲ್ಲು ಕೊಳೆತರೆ ಅದರ ಖರ್ಚು ಹಾಕಿಸಿಕೊಂಡವರದೇ. ಹಾಗಾಗಿ ರಾತ್ರಿ ಅಂಚಿನ ಹತ್ತಿರ ನಿಧಾನವಾಗಿ ಬ್ರಶ್ ಮಾಡಿ, ಸಂದಿಗೆ ಸಣ್ಣ ಬ್ರಶ್ ಹಾಕುತ್ತೇನೆ.

ಇಷ್ಟು ದುಡ್ಡು ಆಗದು ಅನ್ನುವವರು ಸೇಡಂ ರಸ್ತೆಯ ನಿಜಲಿಂಗಪ್ಪ ಡೆಂಟಲ್ ಕಾಲೇಜಿಗೆ ಹೋಗಿ ಕೇಳಿ. ನಮ್ಮ ಮೈದುನ ಅಲ್ಲೇ ಮಾಡಿಸಿಕೊಂಡ. ಖರ್ಚು ಕಡಿಮೆಯಾಯಿತು. ವಿದ್ಯಾರ್ಥಿಗಳು ಮಾಡಿ, ಪ್ರತಿ ಹಂತವನ್ನೂ ಮೇಷ್ಟ್ರು ಬಂದು ನೋಡುತ್ತಾರೆ, ಅದಕ್ಕೇ ಓಡಾಟ ಮಾತ್ರ ಜಾಸ್ತಿ. ಹೇಗಾದರೂ ಮಾಡಿ, ಎಲ್ಲಾದರೂ ಮಾಡಿಸಿ, ರೂಟ್ ಕೆನಾಲ್ ಆದ ದವಡೆ ಹಲ್ಲನ್ನು ಕ್ಯಾಪ್ ಇಲ್ಲದೆ ತಿಂಗಳುಗಟ್ಟಲೆ ಬಿಡಬೇಡಿ. ನನಗೆ ಉಳಿದಷ್ಟು ಹಲ್ಲು ನಿಮಗೆ ಉಳಿಯದೇ ಹೋಗಬಹುದು.

ನಮ್ಮತ್ತೆ ಮೊದಲಿನಿಂದ "ನೂಸೋ ಹಲ್ಲು ಕಿತ್ತಿಸಿ ಒಗಿ, ಒಂಬತ್ತು ಸಾವಿರ ಯಾಕ" ಅನ್ನುತ್ತಿದ್ದರು. ಅವರು ಹಾಗೆ ಕಿತ್ತಿಸಿ ಕಿತ್ತಿಸಿ ಈಗ ಒಂದು ಕಡೆ ದವಡೆ ಹಲ್ಲುಗಳೇ ಇಲ್ಲ, ರೊಟ್ಟಿಯನ್ನು ಬೇಳೆಯಲ್ಲಿ ನೆನೆಸಿ ತಿನ್ನುತ್ತಾರೆ. ಮೊನ್ನೆ ನಾನು ಹೊಸ ಹಲ್ಲಿನ ಕಡೆಯಿಂದಲೇ ಕಡಕ್ ರೊಟ್ಟಿ ಕಚ್ಚಿದ ಸದ್ದು ಕೇಳಿ, ತಾಟಿನಿಂದ ತಲೆ ಎತ್ತಿ, "ಆ ಡಾಕ್ಟರ್ ಮುದುಕ್ಯಾರ್ದೂ ನೋಡ್ತಾನೇನು?" ಅಂತ ಕೇಳಿದರು. ಗುರುವಾರ ಬೆಳಿಗ್ಗೆ 10ಕ್ಕೆ ಹೆಸರು ಬರೆಸಿದ್ದೇನೆ. ಬೆಳಿಗ್ಗೆ ಜನ ಕಡಿಮೆ ಇರುತ್ತಾರೆ, ಮೆಟ್ಟಿಲು ನಿಧಾನ ಹತ್ತಬಹುದು.